ಕೆಲವು ಮಿಲಿಸೆಕೆಂಡುಗಳಿಗಾಗಿ: ಲಿನಕ್ಸ್‌ನಲ್ಲಿ ಧ್ವನಿಮುದ್ರಣ ಬೆಳೆದು ಬಂದ ದಾರಿ

ಹೆಡ್‌ಫೋನ್ ಹಾಕಿಕೊಂಡು ತಂಬೂರಿಯ ಟ್ರ್ಯಾಕಿನ ಮೇಲೆ ಹಾಡುವಾಗ ನಮ್ಮ ದನಿ ಮೈಕಿನಿಂದ ಕಂಪ್ಯೂಟರಿಗೆ ಹೋಗಿ ಮತ್ತೆ ಕಿವಿಗೆ ಮರಳಲು ಒಂದಿಷ್ಟು ಹೊತ್ತು ಹಿಡಿಯುತ್ತದೆ. ಅದು 10 ಮಿಲಿಸೆಕೆಂಡಿನೊಳಗಿದ್ದರೆ ಹೆಚ್ಚಿನವರು ಒಗ್ಗಿಕೊಂಡು ಹಾಡುತ್ತಾರೆ. 30 ದಾಟಿತೆಂದರೆ ದ್ರುತ ಕಾಲದ ಸ್ವರಗಳು ತಾಳಕ್ಕಿಂತ ಹಿಂದೆ ಬೀಳತೊಡಗುತ್ತವೆ. ಹಾಡುವವರು ಅದನ್ನು ತಮ್ಮದೇ ತಪ್ಪೆಂದು ತಿಳಿದು ಮತ್ತೆ ಮತ್ತೆ ಹಾಡಿ ದಣಿಯುತ್ತಾರೆ. ಈ ಸಣ್ಣ ಅಂತರವನ್ನು ಅಳಿಸುವ ಪ್ರಯತ್ನವೇ ಲಿನಕ್ಸ್ ಧ್ವನಿ ವ್ಯವಸ್ಥೆಯ ಚರಿತ್ರೆಯ ಮುಖ್ಯ ಎಳೆ. ಕೆಲಸ ನಡೆದದ್ದು ಪದರ ಪದರವಾಗಿ. ಹೆಚ್ಚಿನ ಸಲ ಹಳೆಯ ಪದರದ ಮೇಲೆಯೇ ಹೊಸದು ಎದ್ದಿತು. ಮನೆಯಲ್ಲಿ ರೆಕಾರ್ಡಿಂಗಿಗೆ ಕುಳಿತವರಿಗೆ ಇಂದು ಎದುರಾಗುವ ತೊಂದರೆಗಳೂ ಆ ಪದರಗಳಲ್ಲೇ ಹಂಚಿಹೋಗಿವೆ. ಯಾವ ತೊಂದರೆ ಯಾವ ಕಾಲದ ಪದರದ್ದು ಎಂದು ಗುರುತಿಸಬಲ್ಲವರಿಗೆ ಪರಿಹಾರ ಬೇಗ ಸಿಗುತ್ತದೆ. ಈ ಲೇಖನ ಚರಿತ್ರೆಯ ಜೊತೆಗೇ ದುರಸ್ತಿಯನ್ನೂ ಹೇಳುವುದು ಅದಕ್ಕಾಗಿಯೇ.

ಮೊದಲು ಸಮಸ್ಯೆಯ ಬೇರು. ಆಡಿಯೋ ಇಂಟರ್ಫೇಸ್ ಸೆಕೆಂಡಿಗೆ 48,000 ಸಲ ದನಿಯನ್ನು ಅಳೆಯುತ್ತದೆ ಎನ್ನೋಣ. ಒಂದೊಂದು ಅಳತೆಯನ್ನೂ ಬಿಡಿಯಾಗಿ ಕೊಡದೆ, ಉದಾಹರಣೆಗೆ 128 ಅಳತೆಗಳನ್ನು ಒಂದು ಕಂತಾಗಿ ಕಟ್ಟಿ ಕೊಡುತ್ತದೆ. ಅಂದರೆ ಸುಮಾರು 2.7 ಮಿಲಿಸೆಕೆಂಡಿಗೊಂದು ಕಂತು. ಪ್ರತಿ ಸಲವೂ ಆ ಗಡುವಿನೊಳಗೆ ಕಂಪ್ಯೂಟರ್ ಹಳೆಯ ಕಂತನ್ನು ತೆಗೆದುಕೊಂಡು ಹೊಸದನ್ನು ಕೊಡಲೇಬೇಕು. ಒಂದೇ ಒಂದು ಗಡುವು ತಪ್ಪಿದರೂ ಟಕ್ಕೆಂಬ ಸದ್ದು ರೆಕಾರ್ಡಿಂಗಿನಲ್ಲಿ ಕೂತುಬಿಡುತ್ತದೆ. ಬಲ್ಲವರು ಇದನ್ನು ಎಕ್ಸ್‌ರನ್ ಎನ್ನುತ್ತಾರೆ. ಪ್ರೊಸೆಸರ್ ಸರಾಸರಿಯಲ್ಲಿ ಎಷ್ಟು ವೇಗವಾಗಿದೆ ಎಂಬುದು ಇಲ್ಲಿ ಎರಡನೆಯ ಮಾತು. ತೀರಾ ಕೆಟ್ಟ ಗಳಿಗೆಯಲ್ಲಿ ಅದು ಎಷ್ಟು ತಡಮಾಡುತ್ತದೆ ಎಂಬುದೇ ಮೊದಲನೆಯದು. ಯೂನಿಕ್ಸ್ ಪರಂಪರೆಯಿಂದ ಬಂದ ಲಿನಕ್ಸ್ ಎಲ್ಲ ಪ್ರೋಗ್ರಾಮುಗಳಿಗೂ ಸಮಯವನ್ನು ನ್ಯಾಯವಾಗಿ ಹಂಚಲು ರೂಪುಗೊಂಡದ್ದು. ಸಂಗೀತಕ್ಕೆ ಬೇಕಾದದ್ದು ಬೇರೆಯೇ ಬಗೆಯ ಭರವಸೆ.

1992ರ ಹೊತ್ತಿಗೆ ಫಿನ್ಲೆಂಡಿನ ಹನ್ನು ಸವೋಲೈನೆನ್ ಸೌಂಡ್ ಬ್ಲಾಸ್ಟರ್ ಕಾರ್ಡಿಗೆ ಬರೆದ ಡ್ರೈವರ್‌ನಿಂದ ಲಿನಕ್ಸಿಗೆ ದನಿ ಬಂತು. ಅದು ಮುಂದೆ ಓಪನ್ ಸೌಂಡ್ ಸಿಸ್ಟಮ್ ಎಂದು ಬೆಳೆಯಿತು. ಆಟದ ಸದ್ದು, ಹಾಡು ಕೇಳುವುದಕ್ಕೆ ಅದು ಸಾಕಿತ್ತು. ಆದರೆ ಸಾಮಾನ್ಯ ಕಾರ್ಡಿನಲ್ಲಿ ಒಂದು ಪ್ರೋಗ್ರಾಂ ಸಾಧನವನ್ನು ಹಿಡಿದುಕೊಂಡರೆ ಇನ್ನೊಂದಕ್ಕೆ ಜಾಗವಿರಲಿಲ್ಲ. ಜೆಕ್ ಪ್ರೋಗ್ರಾಮರ್ ಯಾರೊಸ್ಲಾವ್ ಕಿಸೆಲಾ ಗ್ರೇವಿಸ್ ಅಲ್ಟ್ರಾಸೌಂಡ್ ಕಾರ್ಡಿಗಾಗಿ ಶುರುಮಾಡಿದ ಕೆಲಸ 1998ರಲ್ಲಿ ಆಲ್ಸಾ ಎಂಬ ಹೊಸ ವ್ಯವಸ್ಥೆಗೆ ತಳಪಾಯವಾಯಿತು. 2003ರ ಡಿಸೆಂಬರಿನಲ್ಲಿ ಬಂದ 2.6 ಕರ್ನಲ್‌ನಲ್ಲಿ, ಅಂದರೆ ಲಿನಕ್ಸಿನ ತಿರುಳಿನಲ್ಲಿ, ಆಲ್ಸಾ ಅಧಿಕೃತ ಸ್ಥಾನ ಪಡೆಯಿತು. ಇಂದಿಗೂ ಮೇಲೆ ಏನೇ ಕಟ್ಟಿದರೂ ಅಡಿಯಲ್ಲಿ ಸೌಂಡ್ ಕಾರ್ಡಿನೊಡನೆ ಮಾತಾಡುವುದು ಅದೇ.

ಹಾಗಾಗಿ ಮೈಕಿನಿಂದ ಏನೂ ಬರುತ್ತಿಲ್ಲ ಎನ್ನುವಾಗ ತನಿಖೆ ಈ ತಳದಿಂದಲೇ ಆರಂಭವಾಗಬೇಕು. ಟರ್ಮಿನಲ್‌ನಲ್ಲಿ ‘ಎರೆಕಾರ್ಡ್’ ಆದೇಶವನ್ನು ಪಟ್ಟಿ ತೋರಿಸುವ ಆಯ್ಕೆಯೊಡನೆ ಕೊಟ್ಟರೆ ಕರ್ನಲ್ ಗುರುತಿಸಿರುವ ರೆಕಾರ್ಡಿಂಗ್ ಸಾಧನಗಳೆಲ್ಲ ಕಾಣುತ್ತವೆ. ಅಲ್ಲಿ ಇಂಟರ್ಫೇಸಿನ ಹೆಸರೇ ಇಲ್ಲದಿದ್ದರೆ ಕೇಬಲ್ಲು, ಪೋರ್ಟು, ಯುಎಸ್‌ಬಿ ಹಬ್ಬುಗಳನ್ನು ಶಂಕಿಸಬೇಕು. ಮೇಲಿನ ತಂತ್ರಾಂಶದಲ್ಲಿ ಹುಡುಕಿ ಫಲವಿಲ್ಲ. ಹೆಸರಿದ್ದೂ ದನಿಯಿಲ್ಲವೆಂದರೆ ಆಲ್ಸಾಮಿಕ್ಸರ್ ತೆರೆದು ಎಫ್6 ಒತ್ತಿ ಸರಿಯಾದ ಕಾರ್ಡನ್ನು ಆರಿಸಿ, ಎಫ್4 ಒತ್ತಿ ಕ್ಯಾಪ್ಚರ್ ಆಫ್ ಆಗಿದೆಯೇ ಎಂದು ನೋಡುವುದು. ಮಾನಿಟರಿಗೆ ಹೋಗುವ ಎಚ್‌ಡಿಎಂಐ ಕೂಡ ಲಿನಕ್ಸಿನ ಲೆಕ್ಕದಲ್ಲಿ ಒಂದು ಸೌಂಡ್ ಕಾರ್ಡೇ. ಕಂಪ್ಯೂಟರ್ ಮತ್ತೆ ಶುರುವಾದಾಗ ಕಾರ್ಡುಗಳ ಸಂಖ್ಯೆ ಅದಲುಬದಲಾಗಬಹುದು. ಆದ್ದರಿಂದ ಸೆಟ್ಟಿಂಗಿನಲ್ಲಿ ಕಾರ್ಡನ್ನು ಸಂಖ್ಯೆಯಿಂದ ಕರೆಯದೆ ಹೆಸರಿನಿಂದ ಕರೆಯುವುದು ಕ್ಷೇಮ.

ಆದರೆ ನಿಜವಾದ ಸಂಗೀತದ ಕೆಲಸ ಶುರುವಾದದ್ದು ಪಾಲ್ ಡೇವಿಸ್ ಅವರಿಂದ. ಅಮೆಜಾನ್ ಕಂಪನಿಯ ಮೊದಲ ಪ್ರೋಗ್ರಾಮರುಗಳಲ್ಲಿ ಒಬ್ಬರಾಗಿದ್ದ ಅವರು ಅಲ್ಲಿಂದ ಹೊರಬಂದ ಮೇಲೆ ಆರ್‌ಎಂಇ ಹ್ಯಾಮರ್‌ಫಾಲ್ ಎಂಬ 26 ಚಾನೆಲ್ಲಿನ ಕಾರ್ಡಿಗೆ ಡ್ರೈವರ್ ಬರೆದರು. 2000ದ ಆಸುಪಾಸಿನಲ್ಲಿ ಆರ್ಡರ್ ಎಂಬ ಬಹುಟ್ರ್ಯಾಕ್ ತಂತ್ರಾಂಶವನ್ನು ಆರಂಭಿಸಿದರು. ಅದಕ್ಕೆ ಬೇಕೆಂದು ಹುಟ್ಟಿದ್ದು ಜ್ಯಾಕ್. ಈ ಇಡೀ ಚರಿತ್ರೆಯಲ್ಲಿ ನಾನು ಅತ್ಯಂತ ಗೌರವಿಸುವ ವಿನ್ಯಾಸ ಇದೇ. ಒಂದೊಂದು ಪ್ರೋಗ್ರಾಮೂ ತನಗೆ ಬೇಕೆನಿಸಿದಾಗ ಸೌಂಡ್ ಕಾರ್ಡಿಗೆ ದನಿ ತುರುಕುವ ಪದ್ಧತಿಯನ್ನು ಜ್ಯಾಕ್ ಕೈಬಿಟ್ಟಿತು. ಕಾರ್ಡಿನ ಗಡಿಯಾರ ಒಂದು ಆವರ್ತ ಮುಗಿಸಿದೊಡನೆ ಜ್ಯಾಕ್ ಎಲ್ಲ ಪ್ರೋಗ್ರಾಮುಗಳನ್ನೂ ಸರದಿಯಂತೆ ಎಬ್ಬಿಸುತ್ತದೆ. ಪ್ರತಿಯೊಂದೂ ತನ್ನ ಪಾಲಿನ ಕಂತನ್ನು ಮುಗಿಸಿ ಮುಂದಿನದಕ್ಕೆ ದಾಟಿಸುತ್ತದೆ. ಸಮಕ್ಕೆ ಎಲ್ಲ ಪಕ್ಕವಾದ್ಯಗಳೂ ಒಟ್ಟಿಗೆ ಬಂದು ನಿಲ್ಲುವ ಹಾಗೆ. ಇದರಿಂದ ಹೈಡ್ರೋಜನ್ ಡ್ರಮ್ ಯಂತ್ರದ ದನಿಯನ್ನು ಆರ್ಡರಿಗೂ, ಆರ್ಡರಿನ ಒಂದು ಟ್ರ್ಯಾಕನ್ನು ಬೇರೊಂದು ಪ್ರೋಗ್ರಾಮಿಗೂ ತಂತಿ ಜೋಡಿಸಿದಷ್ಟೇ ಸಲೀಸಾಗಿ ಕೊಡಬಹುದಾಯಿತು. ಬೇರೆ ಬೇರೆ ಜನ ಬರೆದ ಪ್ರೋಗ್ರಾಮುಗಳು ಹೀಗೆ ಒಂದೇ ಲಯದಲ್ಲಿ ಕೂಡಿ ನಡೆಯುವುದು ಆಗ ಡೆಸ್ಕ್‌ಟಾಪ್ ಕಂಪ್ಯೂಟರುಗಳಲ್ಲಿ ಅಪರೂಪದ ಸಂಗತಿ.

ಅದೇ ಕಾಲದಲ್ಲಿ ಕರ್ನಲ್ಲಿನ ಒಳಗೂ ಕೆಲಸ ನಡೆಯುತ್ತಿತ್ತು. ಇಂಗೊ ಮೋಲ್ನಾರ್, ಆಂಡ್ರ್ಯೂ ಮಾರ್ಟನ್, ರಾಬರ್ಟ್ ಲವ್ ಅವರು ಬರೆದ ಪ್ಯಾಚುಗಳು ಕರ್ನಲ್ ತಡಮಾಡುವ ಜಾಗಗಳನ್ನು ಹುಡುಕಿ ಕತ್ತರಿಸಿದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಗೀತ ಸಂಶೋಧನಾ ಕೇಂದ್ರದಲ್ಲಿ ಫರ್ನಾಂಡೊ ಲೋಪೆಜ್-ಲೆಸ್ಕಾನೊ ಅವರು ಪ್ಲಾನೆಟ್ ಸಿಸಿಆರ್‌ಎಂಎ ಎಂಬ ಹೆಸರಿನಲ್ಲಿ ಇಂಥ ಕರ್ನಲ್ಲನ್ನೂ ಸಂಗೀತ ತಂತ್ರಾಂಶಗಳನ್ನೂ ಒಟ್ಟಿಗೆ ಕಟ್ಟಿ ಹಂಚಿದರು. 2003ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಲಿನಕ್ಸ್ ಆಡಿಯೋ ಸಮ್ಮೇಳನ ಶುರುವಾಯಿತು. ತಮಗೆ ಬೇಕಾದದ್ದನ್ನು ಸಂಗೀತಗಾರರೇ ಬರೆದುಕೊಂಡ ಕಾಲವದು.

ಆ ಕಾಲದಿಂದ ಉಳಿದು ಬಂದ ತೊಂದರೆ ಒಂದಿದೆ, ಅದು ಅನುಮತಿಯದ್ದು. ಧ್ವನಿ ಪ್ರೋಗ್ರಾಂ ಉಳಿದೆಲ್ಲವನ್ನೂ ಬದಿಗೊತ್ತಿ ಮೊದಲು ಓಡಬೇಕಾದರೆ ಅದಕ್ಕೆ ರಿಯಲ್‌ಟೈಮ್ ಆದ್ಯತೆ ಬೇಕು. ಮೊದಮೊದಲು ಅದು ರೂಟ್ ಬಳಕೆದಾರರ ಸೊತ್ತಾಗಿತ್ತು. 2005ರ 2.6.12 ಕರ್ನಲ್ ಬಂದ ಮೇಲೆ ಸಾಮಾನ್ಯ ಬಳಕೆದಾರರಿಗೂ ಇಂತಿಷ್ಟು ಎಂದು ಮಿತಿ ಹಾಕಿ ಕೊಡಬಹುದಾಯಿತು. ಇಂದಿಗೂ ಹಲವು ಡಿಸ್ಟ್ರೋಗಳಲ್ಲಿ ನಿಮ್ಮನ್ನು ‘ಆಡಿಯೋ’ ಗುಂಪಿಗೆ ಸೇರಿಸಿ, ಆ ಗುಂಪಿಗೆ ಆದ್ಯತೆಯನ್ನೂ ಮೆಮೊರಿ ಕಾದಿರಿಸುವ ಹಕ್ಕನ್ನೂ ಕೊಡಬೇಕಾಗುತ್ತದೆ. ಉಬುಂಟು ಸ್ಟುಡಿಯೋದಂಥವು ಇದನ್ನು ತಾವೇ ಮಾಡಿಕೊಡುತ್ತವೆ. ಬದಲಾವಣೆ ಜಾರಿಗೆ ಬರಲು ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಒಳಬರಬೇಕು. ಇದನ್ನು ಮರೆತು ಇಡೀ ಸಂಜೆ ಕಳೆಯುವವರು ಬಹಳ ಜನ.

ಇತ್ತ ಸಾಮಾನ್ಯ ಬಳಕೆದಾರರ ಅಗತ್ಯವೇ ಬೇರೆ. ಬ್ರೌಸರ್, ಫೋನ್ ಕರೆ, ಸಿನಿಮಾ ಎಲ್ಲ ಒಟ್ಟಿಗೆ ಕೇಳಬೇಕು, ಬ್ಲೂಟೂತ್ ಹಾಕಿದೊಡನೆ ದನಿ ಅತ್ತ ಹೊರಳಬೇಕು. ಇದಕ್ಕಾಗಿ ಲೆನಾರ್ಟ್ ಪಟರಿಂಗ್ 2004ರಲ್ಲಿ ಆರಂಭಿಸಿದ ಯೋಜನೆ ಪಲ್ಸ್‌ಆಡಿಯೋ ಎಂಬ ಹೆಸರು ಪಡೆದು 2007ರಲ್ಲಿ ಫೆಡೋರಾ 8ಕ್ಕೂ, 2008ರಲ್ಲಿ ಉಬುಂಟು 8.04ಕ್ಕೂ ಬಂತು. ಅದು ಬೈಗುಳ ತಿಂದಷ್ಟು ಲಿನಕ್ಸಿನ ಇನ್ನಾವ ಧ್ವನಿ ತಂತ್ರಾಂಶವೂ ತಿಂದಿರಲಾರದು. ಅದರಲ್ಲಿ ಬಹುಪಾಲು ಅನ್ಯಾಯದ್ದು ಎಂದೇ ನನ್ನ ಎಣಿಕೆ: ಪಲ್ಸ್‌ಆಡಿಯೋ ಹಾರ್ಡ್‌ವೇರ್ ಗಡಿಯಾರವನ್ನು ಹೊಸ ಬಗೆಯಲ್ಲಿ ನಂಬಿ ನಡೆದುದರಿಂದ ಡ್ರೈವರುಗಳಲ್ಲಿ ಅಡಗಿದ್ದ ಹಳೆಯ ದೋಷಗಳು ಬಯಲಾದವು, ತಿದ್ದಲ್ಪಟ್ಟವು. ಆದರೂ ಮನೆಯ ಸ್ಟುಡಿಯೋಗಳಿಗೆ ಕಷ್ಟವಾದದ್ದು ನಿಜ. ಒಂದೇ ಕಾರ್ಡಿಗೆ ಜ್ಯಾಕ್, ಪಲ್ಸ್ ಇಬ್ಬರು ಒಡೆಯರು. ‘ಸಾಧನ ಬಳಕೆಯಲ್ಲಿದೆ’ ಎಂಬ ಸಂದೇಶ ಆ ಹತ್ತು ಹನ್ನೆರಡು ವರ್ಷ ಎಲ್ಲರನ್ನೂ ಕಾಡಿತು.

ಅಷ್ಟರಲ್ಲಿ ಉಪಕರಣಗಳ ಕಡೆ ಸದ್ದಿಲ್ಲದೆ ಒಂದು ದೊಡ್ಡ ಅನುಕೂಲವಾಯಿತು. ಹಿಂದೆ ಒಳ್ಳೆಯ ಇಂಟರ್ಫೇಸುಗಳು ಫೈರ್‌ವೈರ್‌ನವು, ಅವಕ್ಕಾಗಿ ಎಫ್‌ಎಫ್‌ಎಡಿಓ ಯೋಜನೆಯವರು ಡ್ರೈವರ್ ಬರೆಯಲು ಹೆಣಗಿದರು. ಆಮೇಲೆ ಯುಎಸ್‌ಬಿ ಬಂತು. ಎಲ್ಲ ಕಂಪನಿಗಳೂ ಪಾಲಿಸಬಹುದಾದ ಯುಎಸ್‌ಬಿ ಆಡಿಯೋ ಕ್ಲಾಸ್ 2 ಮಾನದಂಡಕ್ಕೆ 2010ರ 2.6.35 ಕರ್ನಲ್‌ನಲ್ಲಿ ಬೆಂಬಲ ಸಿಕ್ಕಿತು. ಐಪ್ಯಾಡಿಗೆ ಹೊಂದಬೇಕಾದರೆ ಇಂಟರ್ಫೇಸ್ ಈ ಮಾನದಂಡವನ್ನು ಪಾಲಿಸಬೇಕಿತ್ತು, ಲಿನಕ್ಸಿಗೆ ಅದರ ಲಾಭ ತಾನಾಗಿ ದಕ್ಕಿತು. ಕೊಳ್ಳುವಾಗ ‘ಕ್ಲಾಸ್ ಕಂಪ್ಲಯಂಟ್’ ಎಂಬ ಮಾತನ್ನು ಹುಡುಕಬೇಕಾದ್ದು ಇದರಿಂದಲೇ. ಫೋಕಸ್‌ರೈಟ್ ಸ್ಕಾರ್ಲೆಟ್ ಶ್ರೇಣಿಯ ಒಳಗಿನ ಮಿಕ್ಸರನ್ನೂ ಲಿನಕ್ಸಿನಿಂದ ನಿಯಂತ್ರಿಸುವಂತೆ ಜೆಫ್ರಿ ಬೆನೆಟ್ ಬರೆದ ಡ್ರೈವರ್ ಈಗ ಕರ್ನಲ್ಲಿನ ಭಾಗ.

ಇಬ್ಬರು ಒಡೆಯರ ಜಗಳ ಬಗೆಹರಿಸಿದ್ದು ರೆಡ್‌ಹ್ಯಾಟಿನ ವಿಮ್ ಟೇಮನ್ಸ್ ಅವರ ಪೈಪ್‌ವೈರ್. ವಿಡಿಯೋ ಹಂಚುವ ಯೋಜನೆಯಾಗಿ ಹುಟ್ಟಿ ಆಮೇಲೆ ಆಡಿಯೋವನ್ನೂ ಹೊತ್ತುಕೊಂಡ ಇದು 2021ರಲ್ಲಿ ಫೆಡೋರಾ 34ರ ಮೂಲಕ ಎಲ್ಲರ ಮುಂದೆ ಬಂತು. 2023ರ ನವೆಂಬರಿನಲ್ಲಿ ಅದರ 1.0 ಆವೃತ್ತಿ ಬಿಡುಗಡೆಯಾಯಿತು. ಜ್ಯಾಕಿಗೆಂದು ಬರೆದ ಪ್ರೋಗ್ರಾಂ ಪೈಪ್‌ವೈರನ್ನು ಜ್ಯಾಕ್ ಎಂದೇ ತಿಳಿಯುತ್ತದೆ, ಪಲ್ಸಿಗೆಂದು ಬರೆದದ್ದು ಪಲ್ಸ್ ಎಂದು. ಆರ್ಡರ್ ತೆರೆದಿಟ್ಟುಕೊಂಡೇ ಬ್ರೌಸರಿನಲ್ಲಿ ಒಂದು ಕೀರ್ತನೆಯನ್ನು ಕೇಳಿ ಶ್ರುತಿ ಹೊಂದಿಸಿಕೊಳ್ಳಬಹುದು. ಹಳೆಯ ಕಾಲದಿಂದ ಲಿನಕ್ಸ್ ಬಳಸುತ್ತಿರುವವರಿಗೆ ಇದು ಎಷ್ಟು ದೊಡ್ಡ ಬಿಡುಗಡೆ ಎಂದು ಬೇರೆ ಹೇಳಬೇಕಿಲ್ಲ.

ಆದರೆ ಪೈಪ್‌ವೈರ್ ಎಲ್ಲರನ್ನೂ ಮೆಚ್ಚಿಸಲು ಹೊರಟದ್ದರಿಂದ ಅದರ ಮೊದಲ ಸೆಟ್ಟಿಂಗುಗಳು ಸಂಗೀತಗಾರರಿಗೆ ಹೇಳಿ ಮಾಡಿಸಿದವಲ್ಲ. ಸಾಮಾನ್ಯವಾಗಿ ಕಂತಿನ ಗಾತ್ರ 1024, ದರ 48,000; ಅಂದರೆ ಒಂದು ಕಂತಿಗೇ 21 ಮಿಲಿಸೆಕೆಂಡು. ರೆಕಾರ್ಡಿಂಗಿಗೆ ಕುಳಿತಾಗ ಇದನ್ನು 128ಕ್ಕೋ 256ಕ್ಕೋ ಇಳಿಸಬೇಕು. ಸಾಧನದ ಪ್ರೊಫೈಲನ್ನು ‘ಪ್ರೋ ಆಡಿಯೋ’ಗೆ ಬದಲಿಸಿದರೆ ಇಂಟರ್ಫೇಸಿನ ಎಲ್ಲ ಚಾನೆಲ್ಲುಗಳೂ ಬಿಡಿಬಿಡಿಯಾಗಿ ಸಿಗುತ್ತವೆ. ‘ಪಿಡಬ್ಲ್ಯು-ಟಾಪ್’ ಎಂಬ ಆದೇಶ ಕೊಟ್ಟು ದೋಷಗಳ ಕಾಲಮ್ಮಿನ ಮೇಲೆ ಕಣ್ಣಿಟ್ಟರೆ ಗಡುವು ತಪ್ಪಿಸುತ್ತಿರುವ ಪ್ರೋಗ್ರಾಂ ಯಾವುದೆಂದು ತಿಳಿಯುತ್ತದೆ. ಸೆಷನ್ 44,100ರಲ್ಲಿದ್ದು ಪೈಪ್‌ವೈರ್ 48,000ದಲ್ಲಿದ್ದರೆ ದರ ಹೊಂದಾಣಿಕೆಯ ಕೆಲಸ ಸುಮ್ಮನೆ ನಡೆಯುತ್ತಿರುತ್ತದೆ; ಎರಡನ್ನೂ ಒಂದೇ ಮಾಡಿಬಿಡುವುದು ಸರಿ. ಆಮೇಲೂ ಟಕ್ ಸದ್ದು ಬಂದರೆ ಪ್ರೊಸೆಸರನ್ನು ‘ಪರ್ಫಾರ್ಮೆನ್ಸ್’ ಸ್ಥಿತಿಗೆ ತನ್ನಿ, ವೈಫೈ ಆರಿಸಿ ನೋಡಿ, ಇಂಟರ್ಫೇಸನ್ನು ಹಬ್ಬಿನಿಂದ ಬಿಡಿಸಿ ನೇರ ಪೋರ್ಟಿಗೆ ಹಾಕಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಕರ್ನಲ್ಲಿನ ಕಥೆಯೂ ಈಚೆಗೆ ಒಂದು ಹಂತ ಮುಟ್ಟಿದೆ. ಇಂಗೊ ಮೋಲ್ನಾರ್, ಥಾಮಸ್ ಗ್ಲೈಕ್ಸ್‌ನರ್ ಮೊದಲಾದವರು ಸುಮಾರು ಇಪ್ಪತ್ತು ವರ್ಷ ಮುಖ್ಯ ಕರ್ನಲ್ಲಿನ ಹೊರಗೆ ಪೋಷಿಸಿದ ಪೂರ್ಣ ರಿಯಲ್‌ಟೈಮ್ ಪ್ಯಾಚು 2024ರ ನವೆಂಬರಿನ 6.12 ಆವೃತ್ತಿಯಲ್ಲಿ ಒಳಸೇರಿತು. ಕೊನೆಯ ಅಡ್ಡಿಯಾಗಿ ನಿಂತಿದ್ದು ಕರ್ನಲ್ ತನ್ನ ಸಂದೇಶಗಳನ್ನು ಬರೆಯುವ ಪುಟ್ಟ ವ್ಯವಸ್ಥೆ. ವಿಯೆನ್ನಾದಲ್ಲಿ ಗ್ಲೈಕ್ಸ್‌ನರ್ ಪ್ಯಾಚನ್ನು ಒಳಸೇರಿಸಿಕೊಳ್ಳುವ ಮನವಿಯನ್ನು ಅಚ್ಚುಹಾಕಿಸಿ, ಚಿನ್ನದ ಬಣ್ಣದ ಕಾಗದದಲ್ಲಿ ಸುತ್ತಿ ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಕೈಗಿತ್ತರು. ಮನೆಯ ರೆಕಾರ್ಡಿಂಗಿಗೆ ಅಷ್ಟು ಬಿಗಿ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಸಾಧಾರಣ ಕರ್ನಲ್ಲಿಗೇ ಶುರುವಾಗುವಾಗ ಪೂರ್ಣ ಪ್ರೀಎಂಪ್ಷನ್ (ನಡೆಯುತ್ತಿರುವ ಕೆಲಸವನ್ನು ನಡುವೆಯೇ ತಡೆದು ತುರ್ತಿನದಕ್ಕೆ ಎಡೆಕೊಡುವುದು) ಮತ್ತು ‘ಥ್ರೆಡ್‌ಐಆರ್‌ಕ್ಯೂಸ್’ ಆಯ್ಕೆ ಕೊಟ್ಟರೆ ಬಹುತೇಕ ಸಾಕು.

ಧ್ವನಿಮುದ್ರಣದ ತಂತ್ರಾಂಶಗಳ ಆಯ್ಕೆಯೂ ಈಗ ಸಮೃದ್ಧ: ಆರ್ಡರ್, ಕ್ಯೂಟ್ರ್ಯಾಕ್ಟರ್ ಮುಕ್ತ, ರೀಪರ್, ಬಿಟ್‌ವಿಗ್ ಹಣ ಕೊಟ್ಟು ಕೊಳ್ಳುವಂಥವು. ವಿಂಡೋಸಿನ ಪ್ಲಗಿನ್ನುಗಳನ್ನು ಯಾಬ್ರಿಜ್ ಮೂಲಕ ಓಡಿಸಬಹುದು, ಕಳ್ಳನಕಲು ತಡೆಯುವ ಬೀಗಗಳಿರುವವು ಹೆಚ್ಚಾಗಿ ಕೈಕೊಡುತ್ತವೆ.

ನಮ್ಮ ಮನೆಗಳಲ್ಲಿ ಲಿನಕ್ಸಿನ ತಲೆಗೆ ಕಟ್ಟುವ ಹಲವು ದೋಷಗಳು ಲಿನಕ್ಸಿನವೇ ಅಲ್ಲ. ಅರ್ಥಿಂಗ್ ಸರಿಯಿಲ್ಲದ ಪ್ಲಗ್ಗಿಗೆ ಲ್ಯಾಪ್‌ಟಾಪ್ ಚಾರ್ಜರ್ ಹಾಕಿದರೆ ಗುಂಯ್ ಎನ್ನುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿದಾಗ ಸದ್ದು ನಿಂತರೆ ಕಾರಣ ಅದೇ. ಕಂಡೆನ್ಸರ್ ಮೈಕಿಗೆ 48 ವೋಲ್ಟಿನ ಫ್ಯಾಂಟಮ್ ಪವರ್ ಗುಂಡಿ ಒತ್ತದಿದ್ದರೆ ಮೈಕು ಬಾಯಿಬಿಡುವುದಿಲ್ಲ. ದನಿಯ ಮಟ್ಟ ಮೈನಸ್ 18 ಡೆಸಿಬೆಲ್ ಆಸುಪಾಸಿನಲ್ಲಿರುವಂತೆ ಗೇನ್ ಹೊಂದಿಸಿ, ತಾರಸ್ಥಾಯಿಯಲ್ಲಿ ದನಿ ಏರಿದಾಗ ಒಡೆಯದಂತೆ ಜಾಗ ಉಳಿಯುತ್ತದೆ.

ಮುಖ್ಯವಾಗಿ, ಬರೀ ಹಾಡುವವರಿಗೆ ಅಥವಾ ಪಿಟೀಲು ನುಡಿಸುವವರಿಗೆ ಸಣ್ಣ ಬಫರಿನ, ಅಂದರೆ ಸಣ್ಣ ಕಂತಿನ, ಹಟವೇ ಬೇಡ. ಇಂಟರ್ಫೇಸಿನಲ್ಲಿ ಡೈರೆಕ್ಟ್ ಮಾನಿಟರಿಂಗ್ ಇದ್ದರೆ ಅದನ್ನು ತೆರೆದು, ತಂತ್ರಾಂಶದ ಮಾನಿಟರಿಂಗ್ ಮುಚ್ಚಿಬಿಡಿ. ದನಿ ಕಂಪ್ಯೂಟರನ್ನು ಹೊಗದೆ ನೇರ ಕಿವಿಗೆ ಬರುತ್ತದೆ, ಬಫರ್ 1024 ಇದ್ದರೂ ಚಿಂತೆಯಿಲ್ಲ. ಮಿಡಿ ಕೀಬೋರ್ಡಿನಿಂದ ಕಂಪ್ಯೂಟರಿನೊಳಗಿನ ವಾದ್ಯ ನುಡಿಸುವವರು, ಗಿಟಾರಿಗೆ ತಂತ್ರಾಂಶದ ಆಂಪ್ ಹಾಕುವವರಿಗಷ್ಟೇ ಆ ಕೆಲವು ಮಿಲಿಸೆಕೆಂಡುಗಳ ಲೆಕ್ಕ. ಉಳಿದವರಿಗೆ ಬೇಕಾದದ್ದು ಹೊಸ ಟ್ರ್ಯಾಕು ತಂಬೂರಿ, ಮೃದಂಗದ ಟ್ರ್ಯಾಕುಗಳ ಜೊತೆ ಸರಿಯಾಗಿ ಕೂರುವುದು. ಅದಕ್ಕೆ ಇಂಟರ್ಫೇಸಿನ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಒಂದು ಕೇಬಲ್ ಹಾಕಿ, ಆರ್ಡರ್‌ನ ಆಡಿಯೋ ಸೆಟಪ್ಪಿನಲ್ಲಿ ಲೇಟೆನ್ಸಿಯನ್ನು, ಅಂದರೆ ದನಿ ಹೋಗಿ ಮರಳಲು ಹಿಡಿಯುವ ಹೊತ್ತನ್ನು, ಅಳೆಯುವ ಪರೀಕ್ಷೆ ನಡೆಸಬೇಕು. ಬಂದ ಸಂಖ್ಯೆಯನ್ನು ಅದು ನೆನಪಿಟ್ಟುಕೊಂಡು ಮುಂದಿನ ಪ್ರತಿ ಟ್ರ್ಯಾಕನ್ನೂ ಅಷ್ಟು ಹಿಂದಕ್ಕೆ ಸರಿಸಿ ಕೂರಿಸುತ್ತದೆ. ಬಫರ್ ಗಾತ್ರವನ್ನೋ ದರವನ್ನೋ ಬದಲಿಸಿದಾಗ ಮತ್ತೆ ಅಳೆಯಬೇಕು.