ಸುನೀತಿ ಸೊಲೊಮನ್: ಎಚ್‌ಐವಿ ಚಿಕಿತ್ಸೆಯ ಸಂಶೋಧನೆ

ಭಾರತದಲ್ಲಿ ಎಚ್‌ಐವಿ ಸೋಂಕನ್ನು ಮೊದಲು ಪತ್ತೆಹಚ್ಚಿದ ವೈದ್ಯೆ ಎಂದೇ ಚೆನ್ನೈನ ಡಾ. ಸುನೀತಿ ಸೊಲೊಮನ್ ಹೆಸರಾದವರು. ಆ ಪತ್ತೆ 1986ರದು. ಆಮೇಲಿನ ವರ್ಷಗಳಲ್ಲಿ ರೋಗಿಗಳ ದಾಖಲೆಗಳನ್ನು ಜತನದಿಂದ ಕಾಪಿಟ್ಟು, ಅವುಗಳ ಆಧಾರದ ಮೇಲೆ ಅವರೂ ಸಹೋದ್ಯೋಗಿಗಳೂ ಪ್ರಕಟಿಸಿದ ಪ್ರಬಂಧಗಳಿಗೆ ಅಷ್ಟು ಪ್ರಚಾರ ಸಿಗಲಿಲ್ಲ. ಚಿಕಿತ್ಸೆ ನೀಡುವ ವೈದ್ಯರಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಮಾತ್ರ ಅವೇ.

ಸುನೀತಿ ಅವರು ಚೆನ್ನೈನಲ್ಲಿ ನೆಲೆಸಿದ್ದ ಮಹಾರಾಷ್ಟ್ರ ಮೂಲದ ಚರ್ಮದ ವ್ಯಾಪಾರಿಗಳ ಮನೆಯ ಮಗಳು. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ವಿದೇಶಗಳಲ್ಲಿ ತರಬೇತಿ ಪಡೆದು, ಅದೇ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಪ್ರಾಧ್ಯಾಪಕಿಯಾದರು. ಏಡ್ಸ್ ಪರದೇಶದವರ ರೋಗ, ನಮ್ಮಲ್ಲಿಗೆ ಬಾರದು ಎಂದು ಜನ ನಂಬಿದ್ದ ಕಾಲ ಅದು. ಸ್ನಾತಕೋತ್ತರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಪ್ರಬಂಧಕ್ಕೊಂದು ವಿಷಯ ಬೇಕಿತ್ತು. ಸುನೀತಿ ಎಚ್‌ಐವಿ ತಪಾಸಣೆಯನ್ನೇ ಸೂಚಿಸಿದರು. ನಿರ್ಮಲಾ ಲೈಂಗಿಕ ಕಾರ್ಯಕರ್ತೆಯರಿಂದ ರಕ್ತದ ಮಾದರಿ ಸಂಗ್ರಹಿಸಿ, ಬೇರೆ ಅನುಕೂಲವಿಲ್ಲದೆ ತಮ್ಮ ಮನೆಯ ಫ್ರಿಜ್ಜಿನಲ್ಲೇ ಇಟ್ಟಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಪರೀಕ್ಷಿಸಿದಾಗ ಆರು ಮಾದರಿಗಳಲ್ಲಿ ಸೋಂಕು ಕಂಡಿತು. ಅಮೆರಿಕದಲ್ಲಿ ನಡೆದ ಮರುಪರೀಕ್ಷೆಯೂ ಅದನ್ನು ದೃಢಪಡಿಸಿತು.

1993ರಲ್ಲಿ ಸುನೀತಿ ಚೆನ್ನೈನಲ್ಲಿ ತಂದೆಯ ಹೆಸರಿನಲ್ಲಿ ವೈ.ಆರ್. ಗಾಯತೊಂಡೆ ಏಡ್ಸ್ ಸಂಶೋಧನೆ ಮತ್ತು ಶಿಕ್ಷಣ ಕೇಂದ್ರವನ್ನು ಸ್ಥಾಪಿಸಿದರು. ಎಚ್‌ಐವಿ ಇದೆಯೆಂದು ತಿಳಿದರೆ ಅನೇಕ ಆಸ್ಪತ್ರೆಗಳು ಬಾಗಿಲು ಮುಚ್ಚುತ್ತಿದ್ದ ದಿನಗಳಲ್ಲಿ ಆಪ್ತಸಲಹೆ, ತಪಾಸಣೆ, ಔಷಧಿ ಇಲ್ಲಿ ಒಂದೇ ಸೂರಿನಡಿ ಸಿಗುತ್ತಿದ್ದವು.

ಈ ಕೇಂದ್ರದಿಂದ ಬಂದ ಪ್ರಬಂಧಗಳು ಕೆಲವು ಗಟ್ಟಿ ನಂಬಿಕೆಗಳನ್ನು ಅಲುಗಾಡಿಸಿದವು. 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿದ್ದ ಸೋಂಕಿತ ಮಹಿಳೆಯರಲ್ಲಿ ಬಹುಪಾಲು ಗೃಹಿಣಿಯರು, ಶೇ. 88ರಷ್ಟು ಮಂದಿಗೆ ಬದುಕಿನಲ್ಲಿ ಒಬ್ಬನೇ ಸಂಗಾತಿ. ಅಪಾಯವಿರುವುದು ‘ಅಂಥವರಿಗೆ’ ಮಾತ್ರ ಎಂದು ನಿಶ್ಚಿಂತರಾಗಿದ್ದ ಸಂಸಾರಸ್ಥರಿಗೆ ಇದಕ್ಕಿಂತ ಮುಜುಗರದ ಅಂಕಿಅಂಶ ಬೇರೆ ಇರಲಾರದು. ಮದುವೆಯೇ ಈ ಹೆಂಗಸರಿಗೆ ಸೋಂಕಿನ ದಾರಿಯಾಗಿತ್ತು.

ಸಹೋದ್ಯೋಗಿ ಎನ್. ಕುಮಾರಸಾಮಿ ಮುಂತಾದವರ ಜೊತೆ 2003ರಲ್ಲಿ ಪ್ರಕಟಿಸಿದ, 594 ರೋಗಿಗಳ ಅಧ್ಯಯನ ಇನ್ನಷ್ಟು ಮುಖ್ಯವಾದುದು. ಅಮೆರಿಕದಲ್ಲಿ ಏಡ್ಸ್‌ನ ಗುರುತೇ ಆಗಿಹೋಗಿದ್ದ ನ್ಯುಮೋಸಿಸ್ಟಿಸ್ ನ್ಯುಮೋನಿಯಾ ಇಲ್ಲಿ ಶೇ. 6ರಷ್ಟು ಮಂದಿಯಲ್ಲಿ ಮಾತ್ರ ಕಂಡಿತು. ಶ್ವಾಸಕೋಶದ ಕ್ಷಯ ಶೇ. 49ರಷ್ಟು ಮಂದಿಗಿತ್ತು. ರಕ್ತದಲ್ಲಿ ರೋಗನಿರೋಧಕ ಶಕ್ತಿಯ ಅಳತೆಯಾದ ಸಿಡಿ4 ಕಣಗಳ ಸಂಖ್ಯೆ 200ಕ್ಕಿಂತ ಕೆಳಗಿಳಿದವರು ಸಾಯುವ ಸಂಭವ, 350ಕ್ಕಿಂತ ಮೇಲಿದ್ದವರಿಗೆ ಹೋಲಿಸಿದರೆ 19 ಪಟ್ಟು. ದಕ್ಷಿಣ ಭಾರತದ ವೈದ್ಯ ಮೊದಲು ಯಾವ ಕಾಯಿಲೆಗಾಗಿ ಹುಡುಕಬೇಕು ಎಂಬುದಕ್ಕೆ ಇಲ್ಲಿನ ರೋಗಿಗಳಿಂದಲೇ ಉತ್ತರ ಸಿಕ್ಕಿತ್ತು. ಸಿಡಿ4 ಪರೀಕ್ಷೆ ದುಬಾರಿಯಾದ ಊರುಗಳಲ್ಲಿ ಸಾಮಾನ್ಯ ರಕ್ತಪರೀಕ್ಷೆಯ ಲಿಂಫೋಸೈಟ್ ಎಣಿಕೆಯನ್ನೇ ಅಂದಾಜಿಗೆ ಬಳಸಬಹುದೇ ಎಂದೂ ಈ ತಂಡ ಪರಿಶೀಲಿಸಿತ್ತು.

ಔಷಧಿಯ ಬೆಲೆಯೇ ಆಗ ದೊಡ್ಡ ಅಡ್ಡಿ. ಭಾರತೀಯ ಕಂಪನಿಗಳ ಜೆನೆರಿಕ್ ಔಷಧಿಗಳು ಬಂದ ಮೇಲೆ ಚಿತ್ರ ಬದಲಾಯಿತು. ಚೆನ್ನೈ ಕೇಂದ್ರದ ರೋಗಿಗಳಲ್ಲಿ ಸಾವಿನ ಪ್ರಮಾಣ 1997ರಲ್ಲಿ ನೂರಕ್ಕೆ 25 ಇದ್ದದ್ದು 2003ರ ವೇಳೆಗೆ 5ಕ್ಕೆ ಇಳಿಯಿತೆಂದು 2005ರ ಪ್ರಬಂಧ ದಾಖಲಿಸಿತು. ಅದಕ್ಕೂ ಮುನ್ನ, 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಉಚಿತ ಎಆರ್‌ಟಿ (ಎಚ್‌ಐವಿ ವೈರಸ್ಸನ್ನು ಹತ್ತಿಕ್ಕುವ ಔಷಧಿ) ಚಿಕಿತ್ಸೆಯನ್ನು ಆರಂಭಿಸಿತ್ತು. ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳನ್ನು ಮೊದಲು ಆರಿಸಿಕೊಂಡಿದ್ದು, ಕರ್ನಾಟಕ ಅವುಗಳಲ್ಲೊಂದು.

ಒಂಬತ್ತು ದೇಶಗಳಲ್ಲಿ, ಸಂಗಾತಿಗಳಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದ 1763 ಜೋಡಿಗಳ ಮೇಲೆ ನಡೆದ ಎಚ್‌ಪಿಟಿಎನ್ 052 ಪ್ರಯೋಗದಲ್ಲೂ ಈ ಕೇಂದ್ರ ಭಾಗಿಯಾಗಿತ್ತು. ಚಿಕಿತ್ಸೆಯನ್ನು ಬೇಗ ಶುರುಮಾಡಿದರೆ ಸಂಗಾತಿಗೆ ಸೋಂಕು ದಾಟುವುದು ಶೇ. 96ರಷ್ಟು ತಗ್ಗುತ್ತದೆ ಎಂದು 2011ರಲ್ಲಿ ಅದರ ಫಲಿತಾಂಶ ಹೇಳಿತು. ಅಂದರೆ ರೋಗಿಯ ಜೀವ ಉಳಿಸುವ ಮಾತ್ರೆ ಸೋಂಕಿನ ಹಾದಿಯನ್ನೂ ಕಟ್ಟುತ್ತದೆ.

ಪ್ರಬಂಧಗಳಲ್ಲಿ ಕಾಣದ ಕೆಲಸವೂ ಒಂದಿತ್ತು. ಔಷಧಿಯಿಂದ ಚೇತರಿಸಿಕೊಂಡ ಯುವಕ ಯುವತಿಯರು ಮದುವೆಯ ಆಸೆ ಹೇಳಿಕೊಂಡಾಗ ಸುನೀತಿ ಅವರೇ ಸೋಂಕಿತರ ನಡುವೆ ವಧೂವರರನ್ನು ಹೊಂದಿಸಿಕೊಡುತ್ತಿದ್ದರು.

2015ರ ಜುಲೈ 28ರಂದು ಅವರು ಚೆನ್ನೈನಲ್ಲಿ ನಿಧನರಾದರು. 2017ರಲ್ಲಿ ಭಾರತ ಸರ್ಕಾರ ಮರಣೋತ್ತರವಾಗಿ ಪದ್ಮಶ್ರೀ ನೀಡಿತು. ಅವರ ಮಗ ಸುನಿಲ್ ಸೊಲೊಮನ್ ಕೂಡ ಎಚ್‌ಐವಿ ಸಂಶೋಧಕರು.