ಅಟ್ಲಾಂಟಿಕ್ ಗುಲಾಮ ವ್ಯಾಪಾರ ಮತ್ತು ಅದರ ಹೊಣೆ

ಆಫ್ರಿಕದ ಜನರನ್ನು ಸೆರೆಹಿಡಿದು, ಕರಾವಳಿಯಲ್ಲಿ ಕೊಂಡು, ಹಡಗುಗಳಲ್ಲಿ ತುಂಬಿ, ಅಟ್ಲಾಂಟಿಕ್ ಸಾಗರದಾಚೆಯ ಅಮೆರಿಕ ಖಂಡಗಳಲ್ಲಿ ಮಾರಿದ ವ್ಯವಹಾರ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೊದಲಾಗಿ 1860ರ ದಶಕದವರೆಗೆ, ಮೂರೂವರೆ ಶತಮಾನ ನಡೆಯಿತು. ಹಡಗಿನ ದಿನಚರಿ, ಬಂದರಿನ ಸುಂಕದ ಕಡತ, ವಿಮೆಯ ಕಾಗದಗಳನ್ನು ಹುಡುಕಿ ಇತಿಹಾಸಕಾರರು ಸುಮಾರು 36,000 ಯಾನಗಳ ವಿವರ ಒಟ್ಟುಗೂಡಿಸಿದ್ದಾರೆ. ಅದರ ಆಧಾರದ ಮೇಲೆ ಅವರು ಮಾಡಿದ ಅಂದಾಜಿನಂತೆ ಹಡಗು ಹತ್ತಿಸಿದ ಜನ ಸುಮಾರು 1.25 ಕೋಟಿ, ಆಚೆ ದಡದಲ್ಲಿ ಜೀವಂತ ಇಳಿದವರು ಸುಮಾರು 1.07 ಕೋಟಿ. ಮಿಕ್ಕ 18 ಲಕ್ಷ ಜನ ಕಡಲಿನ ಪಾಲಾದರು. ಸೆರೆಹಿಡಿಯುವ ದಾಳಿಗಳಲ್ಲಿ ಸತ್ತವರು, ಒಳನಾಡಿನಿಂದ ಕೊರಳಿಗೆ ಕೊರಳು ಕಟ್ಟಿ ನಡೆಸಿಕೊಂಡು ಬರುವಾಗ ದಾರಿಯಲ್ಲಿ ಬಿದ್ದವರು, ಕರಾವಳಿಯ ಕೋಟೆಗಳ ನೆಲಮಾಳಿಗೆಯಲ್ಲಿ ಉಸಿರು ಬಿಟ್ಟವರು ಈ ಲೆಕ್ಕದಲ್ಲಿಲ್ಲ.

ಗುಲಾಮಗಿರಿ ಎಂದೊಡನೆ ನಮ್ಮ ಓದುಗರಿಗೆ ನೆನಪಾಗುವುದು ಅಮೆರಿಕ ಸಂಯುಕ್ತ ಸಂಸ್ಥಾನದ ಹತ್ತಿಯ ಹೊಲಗಳು. ಆದರೆ ಆ ನೆಲಕ್ಕೆ ಆಫ್ರಿಕದಿಂದ ನೇರವಾಗಿ ತಂದವರು 4 ಲಕ್ಷಕ್ಕೂ ಕಡಿಮೆ. ಬ್ರೆಜಿಲ್ ಒಂದಕ್ಕೇ ತಂದವರು ಸುಮಾರು 48 ಲಕ್ಷ. ಉಳಿದವರಲ್ಲಿ ಬಹುಪಾಲು ಜನ ಜಮೈಕ, ಬಾರ್ಬಡೋಸ್, ಸೇಂಟ್ ಡಾಮಿಂಗ್, ಕ್ಯೂಬ ಮೊದಲಾದ ಕೆರಿಬಿಯನ್ ದ್ವೀಪಗಳಿಗೆ ಹೋದರು. ಸಾಗಿಸಿದವರಲ್ಲಿ ಪೋರ್ಚುಗಲ್ ಮತ್ತು ಬ್ರೆಜಿಲ್‌ಗಳ ಹಡಗುಗಳದ್ದೇ ಮೊದಲ ಸ್ಥಾನ, ಸುಮಾರು 58 ಲಕ್ಷ ಜನ. ಬ್ರಿಟನ್ 32 ಲಕ್ಷ, ಫ್ರಾನ್ಸ್ 13 ಲಕ್ಷಕ್ಕೂ ಹೆಚ್ಚು, ಸ್ಪೇನ್ 10 ಲಕ್ಷ. ನೆದರ್ಲೆಂಡ್ಸ್, ಅಮೆರಿಕ, ಡೆನ್ಮಾರ್ಕ್‌ಗಳ ಪಾಲು ಆಮೇಲಿನದು.

ಆರಂಭ: ಸಕ್ಕರೆ ಮತ್ತು ಶಿಲುಬೆ

1444ರ ಆಗಸ್ಟಿನಲ್ಲಿ ಪೋರ್ಚುಗಲ್‌ನ ಲಾಗೋಸ್ ಪಟ್ಟಣದ ಹೊರಗಿನ ಬಯಲಿನಲ್ಲಿ 235 ಆಫ್ರಿಕನ್ನರನ್ನು ಪಾಲು ಹಾಕಲಾಯಿತು. ರಾಜಕುಮಾರ ಹೆನ್ರಿ ಕುದುರೆಯ ಮೇಲೆ ಕೂತು ತನ್ನ ಐದನೆಯ ಒಂದು ಪಾಲನ್ನು ಪಡೆದ. ತಾಯಿಯಿಂದ ಮಗು, ಗಂಡನಿಂದ ಹೆಂಡತಿ ಬೇರೆಯಾದುದನ್ನು ಆಸ್ಥಾನದ ಚರಿತ್ರಕಾರ ಜುರಾರ ಬರೆದಿಟ್ಟಿದ್ದಾನೆ. ಆತ ಹೆನ್ರಿಯನ್ನು ಹೊಗಳಲೆಂದೇ ಬರೆಯುತ್ತಿದ್ದವನು. ಆದರೂ ಆ ಗೋಳಾಟವನ್ನು ಮುಚ್ಚಿಡಲು ಅವನಿಗೆ ಆಗಲಿಲ್ಲ. 1452ರಲ್ಲಿ ಪೋಪ್ ಐದನೆಯ ನಿಕೋಲಸ್ ಹೊರಡಿಸಿದ ಆಜ್ಞಾಪತ್ರ, ಅನ್ಯಮತೀಯರನ್ನು ಗೆದ್ದು ಶಾಶ್ವತ ದಾಸ್ಯದಲ್ಲಿಡುವ ಅಧಿಕಾರವನ್ನು ಪೋರ್ಚುಗಲ್‌ನ ದೊರೆಗೆ ಕೊಟ್ಟಿತು. ಈ ವ್ಯಾಪಾರಕ್ಕೆ ಮೊದಲ ಪರವಾನಗಿ ಬರೆದ ಕೈ ಚರ್ಚಿನದು. 1482ರಲ್ಲಿ ಇಂದಿನ ಘಾನದ ಎಲ್ಮಿನದಲ್ಲಿ ಕೋಟೆ ಎದ್ದಿತು. ಚಿನ್ನಕ್ಕೆಂದು ಕಟ್ಟಿದ ಆ ಕೋಟೆ ಮುಂದೆ ಮನುಷ್ಯರ ಉಗ್ರಾಣವಾಯಿತು.

ಬೇಡಿಕೆ ಹುಟ್ಟಿಸಿದ್ದು ಸಕ್ಕರೆ. ಆಫ್ರಿಕದ ಕರಾವಳಿಯಾಚೆಯ ಸಾಂವ್ ತೊಮೆ ದ್ವೀಪದಲ್ಲಿ ಪೋರ್ಚುಗೀಸರು ಕಂಡುಕೊಂಡ ಮಾದರಿ, ಅಂದರೆ ಒಬ್ಬನ ಒಡೆತನದ ದೊಡ್ಡ ತೋಟ, ಅದರಲ್ಲೇ ಗಾಣ, ದುಡಿಯಲು ಕೊಂಡುತಂದ ಜನ, ಬ್ರೆಜಿಲ್‌ಗೂ ಅಲ್ಲಿಂದ ಕೆರಿಬಿಯನ್ ದ್ವೀಪಗಳಿಗೂ ಹರಡಿತು. ಅಮೆರಿಕದ ಮೂಲನಿವಾಸಿಗಳು ಯುರೋಪಿನಿಂದ ಬಂದ ಸಿಡುಬಿಗೂ ದುಡಿತದ ಹಿಂಸೆಗೂ ಸಿಕ್ಕು ಊರುಗಟ್ಟಲೆ ನಾಶವಾಗಿದ್ದರು. 1518ರಲ್ಲಿ ಸ್ಪೇನಿನ ದೊರೆ ಚಾರ್ಲ್ಸ್, ಆಫ್ರಿಕದಿಂದ ನೇರವಾಗಿ ಅಮೆರಿಕಕ್ಕೆ ಗುಲಾಮರನ್ನು ಸಾಗಿಸಲು ಅನುಮತಿ ಕೊಟ್ಟ.

ಆಲೆಮನೆ ಕಂಡ ಕನ್ನಡಿಗರಿಗೆ ಕಬ್ಬಿನ ಕೆಲಸ ಎಷ್ಟು ಅವಸರದ್ದೆಂದು ವಿವರಿಸಬೇಕಾಗಿಲ್ಲ. ಕಡಿದ ಕಬ್ಬು ಕಾಯುವುದಿಲ್ಲ, ಹಾಲು ಹುಳಿಯುತ್ತದೆ, ಒಲೆ ಆರಬಾರದು. ಜಮೈಕದ ತೋಟಗಳಲ್ಲಿ ಸುಗ್ಗಿಯ ತಿಂಗಳುಗಳಲ್ಲಿ ಗಾಣ ರಾತ್ರಿಯಿಡೀ ತಿರುಗುತ್ತಿತ್ತು. ಕಬ್ಬು ಕೊಡುವವರ, ಹೆಚ್ಚಾಗಿ ಹೆಂಗಸರ, ಕೈ ನಿದ್ದೆಗಣ್ಣಿನಲ್ಲಿ ಗಾಣದ ಉರುಳೆಗಳ ನಡುವೆ ಸಿಕ್ಕಿಕೊಳ್ಳುವುದಿತ್ತು. ಆಗ ತೋಳು ಕಡಿಯಲೆಂದು ಪಕ್ಕದಲ್ಲೇ ಒಂದು ಕೊಡಲಿ ಇಟ್ಟಿರುತ್ತಿದ್ದರು. ಕೆರಿಬಿಯನ್ ತೋಟಗಳಲ್ಲಿ ಹುಟ್ಟುವವರಿಗಿಂತ ಸಾಯುವವರೇ ಹೆಚ್ಚಾದ್ದರಿಂದ ಹಡಗುಗಳು ಬರುತ್ತಲೇ ಇರಬೇಕಾಯಿತು.

ವ್ಯಾಪಾರದ ಬಗೆ

ಲಿವರ್‌ಪೂಲ್, ಬ್ರಿಸ್ಟಲ್, ಫ್ರಾನ್ಸಿನ ನಾಂತ್‌ಗಳಿಂದ ಹೊರಟ ಹಡಗಿನಲ್ಲಿ ಬಂದೂಕು, ಮದ್ದು, ಕಬ್ಬಿಣದ ಸರಳು, ಬ್ರಾಂದಿ ಇರುತ್ತಿದ್ದವು. ಅವುಗಳ ಜೊತೆಗೆ ನಮ್ಮ ಕಡೆಯ ಎರಡು ಸರಕುಗಳೂ ಇದ್ದವು. ಒಂದು ಗುಜರಾತಿನ ಮತ್ತು ಕೋರಮಂಡಲ ಕರಾವಳಿಯ ಹತ್ತಿಬಟ್ಟೆ. ಪಶ್ಚಿಮ ಆಫ್ರಿಕದಲ್ಲಿ ಭಾರತದ ನೀಲಿ ಬಟ್ಟೆಗೆ ಇದ್ದ ಗಿರಾಕಿಯನ್ನು ಲ್ಯಾಂಕಷೈರಿನ ನೇಕಾರರು ಬಹುಕಾಲ ಕಸಿಯಲಾಗಲಿಲ್ಲ. ಇನ್ನೊಂದು ಮಾಲ್ಡೀವ್ಸ್ ದ್ವೀಪಗಳ ಕವಡೆ. ಬಂಗಾಳ ಮತ್ತು ಸಿಂಹಳದ ಬಂದರುಗಳ ಮೂಲಕ ಅದು ಆಮ್‌ಸ್ಟರ್‌ಡ್ಯಾಮ್ ಮತ್ತು ಲಂಡನ್ನಿಗೆ ಟನ್ನುಗಟ್ಟಲೆ ಹೋಗಿ, ಅಲ್ಲಿಂದ ಗಿನಿ ಕರಾವಳಿಗೆ ಇಳಿಯುತ್ತಿತ್ತು. ಬೆಲೆಯಿಲ್ಲದ್ದಕ್ಕೆ ನಾವು ಕವಡೆ ಕಾಸು ಅನ್ನುತ್ತೇವೆ. ಪಶ್ಚಿಮ ಆಫ್ರಿಕದ ದಾಹೊಮಿ ರಾಜ್ಯದ ಸಂತೆಗಳಲ್ಲಿ ಅದೇ ಕವಡೆ ಮನುಷ್ಯನ ಬೆಲೆಯಾಗಿತ್ತು.

ಬಂದರಿನಲ್ಲಿ ಕೊಂಡವರ ಮೈಮೇಲೆ ಕಾದ ಕಬ್ಬಿಣದಿಂದ ಒಡೆಯನ ಗುರುತಿನ ಬರೆ ಎಳೆಯುತ್ತಿದ್ದರು. ಅಂಥ ಒಡೆಯರಲ್ಲಿ ಒಂದು, 1672ರಲ್ಲಿ ಸನದು ಪಡೆದ ರಾಯಲ್ ಆಫ್ರಿಕನ್ ಕಂಪನಿ; ಅದರ ಮುಖ್ಯಸ್ಥ ಯಾರ್ಕಿನ ಡ್ಯೂಕ್, ಮುಂದೆ ಇಂಗ್ಲೆಂಡಿನ ದೊರೆಯಾದ ಎರಡನೆಯ ಜೇಮ್ಸ್. ಯಾನದಲ್ಲಿ ಗಂಡಸರನ್ನು ಇಬ್ಬಿಬ್ಬರಾಗಿ ಕೋಳ ತೊಡಿಸಿ ಕೆಳಗಿನ ಅಟ್ಟದಲ್ಲಿ ಮಲಗಿಸುತ್ತಿದ್ದರು. 1788ರಲ್ಲಿ ಗುಲಾಮಗಿರಿಯ ವಿರೋಧಿಗಳು ಪ್ರಕಟಿಸಿದ ಬ್ರೂಕ್ಸ್ ಎಂಬ ಹಡಗಿನ ನಕ್ಷೆಯಲ್ಲಿ ಒಬ್ಬ ಗಂಡಸಿಗೆ ಸಿಕ್ಕ ಜಾಗ ಆರಡಿ ಉದ್ದ, ಹದಿನಾರು ಅಂಗುಲ ಅಗಲ. ಹಡಗಿನಲ್ಲಿ ತುಂಬುವವರ ಸಂಖ್ಯೆಗೆ ಮಿತಿ ಹಾಕಿದ ಹೊಸ ಬ್ರಿಟಿಷ್ ಕಾಯಿದೆ ಆ ಹಡಗಿಗೆ ಅನುಮತಿ ಕೊಟ್ಟಿದ್ದು 454 ಜನರಿಗೆ. ನಕ್ಷೆಯಲ್ಲಿ ಅಷ್ಟು ಜನರನ್ನು ಬರೆಯುವುದೇ ಕಷ್ಟವಾಗಿತ್ತು. ಕಾಯಿದೆಗೆ ಮುಂಚೆ ಅದು 609 ಜನರನ್ನು ಹೊತ್ತದ್ದೂ ಇದೆ.

ಜಾಂಗ್ ಹಡಗಿನ ಪ್ರಕರಣ ಈ ವ್ಯಾಪಾರದ ಒಳಲೆಕ್ಕವನ್ನು ಬಯಲು ಮಾಡಿತು. 1781ರಲ್ಲಿ 442 ಜನರನ್ನು ತುಂಬಿಕೊಂಡು ಜಮೈಕಕ್ಕೆ ಹೊರಟ ಈ ಹಡಗು ದಾರಿ ತಪ್ಪಿತು. ಕುಡಿಯುವ ನೀರು ಸಾಲದೆಂದು ಹೇಳಿ, ನವೆಂಬರ್ ಕೊನೆಯಿಂದ ಮೂರು ಬಾರಿಯಾಗಿ ಸುಮಾರು 132 ಜನರನ್ನು ಜೀವಂತ ಕಡಲಿಗೆ ಎಸೆದರು. ರೋಗದಿಂದ ಸತ್ತವರಿಗೆ ವಿಮೆ ಇಲ್ಲ. ಹಡಗನ್ನು ಉಳಿಸಲು ಎಸೆದ ಸರಕಿಗೆ ವಿಮೆ ಉಂಟು, ತಲೆಗೆ 30 ಪೌಂಡು. ಲಿವರ್‌ಪೂಲಿನ ಮಾಲೀಕರು ಆ ಹಣಕ್ಕೆ ದಾವೆ ಹೂಡಿದರು. 1783ರಲ್ಲಿ ಜ್ಯೂರಿ ಮಾಲೀಕರ ಪರ ತೀರ್ಪು ಕೊಟ್ಟಿತು. ಮೇಲ್ಮನವಿಯಲ್ಲಿ, ಕೊನೆಯ ಸರದಿಯವರನ್ನು ಎಸೆಯುವ ಮುನ್ನವೇ ಮಳೆಯಾಗಿ ನೀರು ಸಿಕ್ಕಿತ್ತೆಂಬುದು ಹೊರಬಿದ್ದು ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡ್ ಮರುವಿಚಾರಣೆಗೆ ಆದೇಶಿಸಿದ. ಹಿಂದೆ ತಾನೇ ಗುಲಾಮನಾಗಿದ್ದ ಒಲಾವ್ಡ ಇಕ್ವಿಯಾನೊ ಈ ಸುದ್ದಿಯನ್ನು ಗುಲಾಮಗಿರಿಯ ವಿರೋಧಿ ಗ್ರಾನ್‌ವಿಲ್ ಶಾರ್ಪ್‌ಗೆ ಮುಟ್ಟಿಸಿದ. ಶಾರ್ಪ್ ಕೊಲೆ ಮೊಕದ್ದಮೆಗಾಗಿ ಅಲೆದಾಡಿದ. ಕೊಲೆಯ ಆರೋಪ ಯಾರ ಮೇಲೂ ದಾಖಲಾಗಲಿಲ್ಲ. ನ್ಯಾಯಾಲಯದ ಮುಂದಿದ್ದದ್ದು ವಿಮೆಯ ತಕರಾರು ಮಾತ್ರ.

ನಿಷೇಧ ಮತ್ತು ಪರಿಹಾರ

ಸೆರೆಯಾದವರು ಸುಮ್ಮನೆ ಇರಲಿಲ್ಲ. ಹಡಗುಗಳಲ್ಲಿ ದಂಗೆಗಳಾದವು, ಬ್ರೆಜಿಲ್‌ನ ಪಲ್ಮಾರೆಸ್‌ನಲ್ಲಿ ಓಡಿಹೋದವರು ತಮ್ಮದೇ ರಾಜ್ಯ ಕಟ್ಟಿ ದಶಕಗಳ ಕಾಲ ಪೋರ್ಚುಗೀಸರನ್ನು ಎದುರಿಸಿದರು. 1791ರಲ್ಲಿ ಸೇಂಟ್ ಡಾಮಿಂಗ್‌ನಲ್ಲಿ ಎದ್ದ ಬಂಡಾಯ ನೆಪೋಲಿಯನ್ನನ ಸೇನೆಯನ್ನೂ ಸೋಲಿಸಿ 1804ರಲ್ಲಿ ಹೈಟಿಯಾಯಿತು. ಗುಲಾಮಗಿರಿಗೆ ಬಿದ್ದ ಅತಿ ದೊಡ್ಡ ಏಟು ಇದು. ನಿಷೇಧದ ಕೀರ್ತಿಯನ್ನೆಲ್ಲ ಲಂಡನ್ನಿನ ಸಂಸತ್ತಿಗೆ ಕಟ್ಟುವ ಪಠ್ಯಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸುವುದು ಸರಿಯಲ್ಲ. ಡೆನ್ಮಾರ್ಕಿನ ನಿಷೇಧ 1803ರಲ್ಲಿ ಜಾರಿಗೆ ಬಂತು. ಬ್ರಿಟನ್ 1807ರಲ್ಲಿ, ಅಮೆರಿಕ 1808ರಲ್ಲಿ ವ್ಯಾಪಾರವನ್ನು ನಿಷೇಧಿಸಿದವು. ಆಮೇಲೆ ಬ್ರಿಟಿಷ್ ನೌಕಾಪಡೆ ಕಡಲಲ್ಲಿ ಹಡಗುಗಳನ್ನು ಹಿಡಿದು ಸುಮಾರು 1.5 ಲಕ್ಷ ಜನರನ್ನು ಬಿಡಿಸಿದ್ದು ನಿಜ. ಬ್ರೆಜಿಲ್ 1850ರವರೆಗೂ ತರಿಸುತ್ತಲೇ ಇತ್ತು. ಅಲ್ಲಿ ದಾಸ್ಯ ಕೊನೆಗೊಂಡದ್ದು 1888ರಲ್ಲಿ.

ಬಿಡುಗಡೆಯ ಜೊತೆ ಪರಿಹಾರವೂ ಬಂತು, ಆದರೆ ಒಡೆಯರಿಗೆ. ಗುಲಾಮಗಿರಿಯನ್ನೇ ರದ್ದುಮಾಡಿದ 1833ರ ಕಾಯಿದೆಯಂತೆ ಬ್ರಿಟಿಷ್ ಸರ್ಕಾರ ಅವರಿಗೆ 2 ಕೋಟಿ ಪೌಂಡು ಕೊಟ್ಟಿತು; ಅದು ಆಗಿನ ಸರ್ಕಾರದ ವಾರ್ಷಿಕ ವೆಚ್ಚದ ಸುಮಾರು ಶೇ. 40. ಅದಕ್ಕಾಗಿ ಎತ್ತಿದ ಸಾಲದ ಕೊನೆಯ ಬಾಕಿ ತೀರಿದ್ದು 2015ರಲ್ಲಿ. ದುಡಿದವರಿಗೆ ಒಂದು ಪೆನ್ನಿಯೂ ಸಿಗಲಿಲ್ಲ. ಬಹುತೇಕ ವಸಾಹತುಗಳಲ್ಲಿ ಅವರು 1838ರವರೆಗೆ ಶಿಕ್ಷಾರ್ಥಿಗಳೆಂಬ ಹೆಸರಿನಲ್ಲಿ ಅದೇ ಒಡೆಯರ ಬಳಿ ಬಿಟ್ಟಿ ದುಡಿಯಬೇಕಾಯಿತು. ಮುಂದೆ ಪ್ರಧಾನಿಯಾದ ವಿಲಿಯಂ ಗ್ಲಾಡ್‌ಸ್ಟನ್ನನ ತಂದೆ ಜಾನ್ ಗ್ಲಾಡ್‌ಸ್ಟನ್‌ಗೆ 2,500ಕ್ಕೂ ಹೆಚ್ಚು ಗುಲಾಮರ ಲೆಕ್ಕದಲ್ಲಿ ಒಂದು ಲಕ್ಷ ಪೌಂಡು ಮೀರಿದ ಹಣ ಬಂತು. ಬಿಡುಗಡೆಯಾಗುವವರ ಜಾಗಕ್ಕೆ ಆತ ಆಳುಗಳನ್ನು ತರಿಸಿದ್ದು ಕಲ್ಕತ್ತದಿಂದ: 1838ರಲ್ಲಿ ವಿಟ್ಬಿ, ಹೆಸ್ಪೆರಸ್ ಎಂಬ ಎರಡು ಹಡಗುಗಳು ಮೊದಲ ಭಾರತೀಯ ಕರಾರುಕೂಲಿಗಳನ್ನು ಬ್ರಿಟಿಷ್ ಗಯಾನದಲ್ಲಿ ಇಳಿಸಿದವು. ಇನ್ನು ಹೈಟಿ. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ಕಳೆದುಕೊಂಡ ಆಸ್ತಿಗೆ 15 ಕೋಟಿ ಫ್ರಾಂಕ್ ಕೇಳಿತು. ಆಸ್ತಿಯೆಂದರೆ ಆ ಜನರೂ ಸೇರಿ. ಮೊತ್ತವನ್ನು ಆಮೇಲೆ 9 ಕೋಟಿಗೆ ಇಳಿಸಿದರೂ ಅದರ ಸಾಲ ಆ ದೇಶವನ್ನು ತಲೆಮಾರುಗಳ ಕಾಲ ಹಿಂಡಿತು.

ಹೊಣೆಯ ಪ್ರಶ್ನೆ

ಈ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ವಾದ: ಆಫ್ರಿಕನ್ನರನ್ನು ಮಾರಿದವರು ಆಫ್ರಿಕನ್ನರೇ. ಸಂಗತಿ ಬಹುಮಟ್ಟಿಗೆ ನಿಜ. ಅಂಗೋಲದಲ್ಲಿ ಪೋರ್ಚುಗೀಸರು ತಾವೇ ದಂಡೆತ್ತಿ ಹೋದರೂ, ಉಳಿದೆಡೆ ಯುರೋಪಿಯನ್ನರು ಕರಾವಳಿ ಬಿಟ್ಟು ಒಳಗೆ ಹೋದದ್ದು ಕಡಿಮೆ. ಮಲೇರಿಯವೂ ಸ್ಥಳೀಯ ದೊರೆಗಳ ಬಲವೂ ಅವರನ್ನು ತಡೆದವು. 1727ರಲ್ಲಿ ವೀಡಾ ಬಂದರನ್ನು ಗೆದ್ದ ದಾಹೊಮಿಯ ದೊರೆ ಅಗಾಜ, ಅವನ ನಂತರದ ದೊರೆಗಳು, ಅಶಾಂತಿ ಮತ್ತು ಓಯೊ ರಾಜ್ಯಗಳು, ನೈಜರ್ ನದಿಯ ಕಡೆಯ ಅರೊ ವರ್ತಕರು ಈ ವ್ಯಾಪಾರದಿಂದ ಬಲಿತರು. ಆದರೆ ಅವರು ತಮ್ಮವರನ್ನು ಮಾರಿದರು ಎನ್ನುವುದು ಇಂದಿನ ಕಣ್ಣಿನ ಮಾತು. ದಾಹೊಮಿಯ ಸೈನಿಕನಿಗೆ ನೆರೆಯ ಯೊರುಬಾ ಊರಿನವನು ಪರರಾಜ್ಯದ ಶತ್ರು. ಇಬ್ಬರೂ ಆಫ್ರಿಕನ್ನರೆಂಬ ಭಾವ ಆಗ ಇರಲಿಲ್ಲ. ಕೊಂಗೊದ ದೊರೆ ಅಫೋನ್ಸೊ 1526ರಲ್ಲಿ ಪೋರ್ಚುಗಲ್‌ನ ದೊರೆಗೆ ಬರೆದ ಪತ್ರಗಳಲ್ಲಿ, ವರ್ತಕರು ತನ್ನ ಪ್ರಜೆಗಳನ್ನೂ ಬಂಧುಗಳನ್ನೂ ಕದ್ದೊಯ್ದು ನಾಡು ಬರಿದಾಗುತ್ತಿದೆ ಎಂದು ಗೋಳು ತೋಡಿಕೊಂಡಿದ್ದಾನೆ. ಯುದ್ಧಕೈದಿಗಳನ್ನು ಅವನೂ ಮಾರುತ್ತಿದ್ದ. ತನ್ನ ಪ್ರಜೆಗಳ ಮೇಲೆಯೇ ಅದು ತಿರುಗಿದಾಗ ತಡೆಯುವ ಶಕ್ತಿ ಅವನಲ್ಲಿ ಇರಲಿಲ್ಲ.

ಆಫ್ರಿಕದ ದೊರೆಗಳು ಯುರೋಪಿನ ಕೈಗೊಂಬೆಗಳಲ್ಲ, ತಿಳಿದೇ ಚೌಕಾಸಿ ಮಾಡಿದವರು ಎಂದು ಇತಿಹಾಸಕಾರ ಜಾನ್ ಥಾರ್ನ್‌ಟನ್ ತೋರಿಸಿದ್ದಾರೆ. ಅವರಿಗಿಂತ ಮುಂಚೆ, 1972ರಲ್ಲಿ, ಗಯಾನದ ವಾಲ್ಟರ್ ರಾಡ್ನಿ ಈ ವ್ಯಾಪಾರ ಆಫ್ರಿಕದ ದುಡಿಯುವ ತಲೆಮಾರುಗಳನ್ನು ಕಿತ್ತು, ಬಂದೂಕು ಸುರಿದು, ಯುದ್ಧವನ್ನೇ ಕಸುಬಾಗಿಸಿತು ಎಂದು ವಾದಿಸಿದ್ದರು. ಇವೆರಡೂ ಒಟ್ಟಿಗೆ ಸತ್ಯವಾಗಬಲ್ಲವು ಎಂಬುದು ಈ ಲೇಖಕನ ನಿಲುವು. ಮಾರಿದ ದೊರೆಗಳ ತಪ್ಪು ಅವರದೇ. ಆದರೆ ಬೇಡಿಕೆ, ಬಂಡವಾಳ, ಹಡಗು, ವಿಮೆ ಇವೆಲ್ಲ ಕಡಲಾಚೆಯವು. ತಾಯಿ ಗುಲಾಮಳಾದರೆ ಮಗುವೂ ಗುಲಾಮನೆಂದು 1662ರಲ್ಲಿ ವರ್ಜೀನಿಯ ಮಾಡಿದ ಕಾನೂನು, ಚರ್ಮದ ಬಣ್ಣವನ್ನೇ ದಾಸ್ಯದ ಗುರುತಾಗಿಸಿದ ವ್ಯವಸ್ಥೆ, ಇವುಗಳಲ್ಲಿ ದಾಹೊಮಿಯ ಕೈ ಇಲ್ಲ. ಲಾಭ ಎಲ್ಲಿ ನಿಂತಿತೆಂಬುದಕ್ಕೆ ಲಿವರ್‌ಪೂಲಿನ, ನಾಂತ್‌ನ ಕಟ್ಟಡಗಳೇ ಸಾಕ್ಷಿ. ಟ್ರಿನಿಡಾಡಿನ ಮೊದಲ ಪ್ರಧಾನಿ ಎರಿಕ್ ವಿಲಿಯಮ್ಸ್ 1944ರ ತಮ್ಮ ಪುಸ್ತಕದಲ್ಲಿ ಬ್ರಿಟನ್ನಿನ ಕೈಗಾರಿಕೆಗೆ ಈ ಲಾಭದ ನೀರು ಹರಿದುದನ್ನು ಎತ್ತಿ ತೋರಿಸಿದರು. ಎಷ್ಟು ಹರಿಯಿತೆಂಬ ವಾದ ಇಂದಿಗೂ ನಡೆದಿದೆ.

ಗುಲಾಮಗಿರಿ ಎಲ್ಲೆಡೆ ಇತ್ತಲ್ಲ ಎಂಬುದು ಇನ್ನೊಂದು ಸಮಜಾಯಿಷಿ. ಇತ್ತು. ಸಹಾರದ ದಾರಿಯಲ್ಲಿ, ಹಿಂದೂ ಮಹಾಸಾಗರದಲ್ಲಿ ಶತಮಾನಗಳ ಕಾಲ ಜನರನ್ನು ಮಾರಿದರು. ಯಲ್ಲಾಪುರ, ಹಳಿಯಾಳ, ಅಂಕೋಲದ ಕಾಡಂಚಿನ ಸಿದ್ದಿಗಳ ಪೂರ್ವಿಕರು ಬಂದದ್ದು ಈ ಕಡಲಿನಿಂದ. ಅವರಲ್ಲಿ ಹಲವರನ್ನು ಗೋವೆಗೆ ತಂದವರು ಅದೇ ಪೋರ್ಚುಗೀಸರು. ಒಂದು ಕಡಲಿನ ಪಾಪ ಇನ್ನೊಂದರ ಪಾಪವನ್ನು ತೊಳೆಯುವುದಿಲ್ಲ.

ತಪ್ಪೊಪ್ಪಿಗೆಗಳು ತಡವಾಗಿ ಬಂದಿವೆ. 1999ರಲ್ಲಿ, ಹಿಂದೆ ದಾಹೊಮಿ ಇದ್ದ ನೆಲವಾದ ಬೆನಿನ್ ದೇಶದ ಅಧ್ಯಕ್ಷ ಮಾತ್ಯೂ ಕೆರೆಕು ಬಾಲ್ಟಿಮೋರಿನ ಚರ್ಚೊಂದರಲ್ಲಿ ಮಂಡಿಯೂರಿ, ಮಾರಿದವರ ಪರವಾಗಿ ಕ್ಷಮೆ ಕೇಳಿದರು. ಫ್ರಾನ್ಸ್ 2001ರ ಕಾನೂನಿನಲ್ಲಿ ಈ ವ್ಯಾಪಾರವನ್ನು ಮನುಕುಲದ ವಿರುದ್ಧದ ಅಪರಾಧ ಎಂದಿತು. ಬಾರ್ಬಡೋಸಿನಲ್ಲಿ ಗುಲಾಮರ ತೋಟ ನಡೆಸಿದ್ದ ತನ್ನದೇ ಸಂಸ್ಥೆಯೊಂದರ ಪಾಪಕ್ಕೆ ಇಂಗ್ಲೆಂಡಿನ ಚರ್ಚು 2006ರಲ್ಲಿ ಕ್ಷಮೆ ಕೋರಿತು. ನೆದರ್ಲೆಂಡ್ಸ್‌ನ ಪ್ರಧಾನಿ 2022ರಲ್ಲಿ, ದೊರೆ 2023ರಲ್ಲಿ ಕ್ಷಮೆ ಕೇಳಿದರು. ಕೆರಿಬಿಯನ್ ದೇಶಗಳ ಒಕ್ಕೂಟ 2013ರಲ್ಲಿ ಪರಿಹಾರ ಆಯೋಗ ರಚಿಸಿ, ಮರುವರ್ಷ ಹತ್ತು ಅಂಶಗಳ ಬೇಡಿಕೆ ಮುಂದಿಟ್ಟಿತು. ಮಾಡಿದವರೂ ಅನುಭವಿಸಿದವರೂ ಇಂದು ಇಲ್ಲವೆಂಬ ಉತ್ತರ ಅದಕ್ಕೆ ಸಾಲದು. ಆ ದೊರೆತನ, ಚರ್ಚು, ಬ್ಯಾಂಕು, ವಿಮಾ ಸಂಸ್ಥೆಗಳು ಇಂದಿಗೂ ಇವೆ; ಒಡೆಯರಿಗೆ ಕೊಟ್ಟ ಪರಿಹಾರದ ಸಾಲವನ್ನು ನಮ್ಮ ಕಾಲದವರೆಗೆ ತೀರಿಸಿದ ಸರ್ಕಾರವೂ ಇದೆ.

ಈ ಎಲ್ಲ ಹೊಣೆಗಾರರೂ ಒಬ್ಬನ ಬದುಕಿನಲ್ಲಿ ಒಟ್ಟಿಗೆ ಕಾಣಸಿಗುತ್ತಾರೆ. ಯೊರುಬಾ ನಾಡಿನ ಹತ್ತೊಂಬತ್ತರ ಹುಡುಗ ಕೊಸೊಲನ ಊರಿನ ಮೇಲೆ 1860ರಲ್ಲಿ ದಾಹೊಮಿಯ ಸೇನೆ ದಾಳಿ ಮಾಡಿ ಅವನನ್ನು ಸೆರೆಹಿಡಿಯಿತು. ವೀಡಾದಲ್ಲಿ ಅವನನ್ನು ಕೊಂಡವನು ವಿಲಿಯಂ ಫಾಸ್ಟರ್ ಎಂಬ ಕಪ್ತಾನ. ಹಡಗು ಕ್ಲೋಟಿಲ್ಡ, ಹಣ ಹೂಡಿದವನು ಅಲಬಾಮದ ತಿಮೊತಿ ಮೆಹರ್. ನಿಷೇಧ ಬಂದು ಐವತ್ತೆರಡು ವರ್ಷವಾಗಿತ್ತು. ಸುಮಾರು 110 ಜನರನ್ನು ಕತ್ತಲಲ್ಲಿ ಇಳಿಸಿ, ಸಾಕ್ಷಿ ಉಳಿಯದಂತೆ ಹಡಗನ್ನು ನದಿಯಲ್ಲಿ ಸುಟ್ಟರು. ಯಾರಿಗೂ ಶಿಕ್ಷೆಯಾಗಲಿಲ್ಲ. 1865ರಲ್ಲಿ ಬಿಡುಗಡೆಯಾದಾಗ ಊರಿಗೆ ಮರಳಲು ಅವರ ಬಳಿ ಹಣವಿರಲಿಲ್ಲ. ಕಜ್ಜೋ ಲೂಯಿಸ್ ಎಂಬ ಹೊಸ ಹೆಸರಿನ ಕೊಸೊಲ, ನಮ್ಮನ್ನು ನಮ್ಮ ನೆಲದಿಂದ ತಂದವರು ನೀವು, ಇಲ್ಲಿ ಒಂದಿಷ್ಟು ನೆಲ ಕೊಡಿ ಎಂದು ಮೆಹರ್‌ನನ್ನು ಕೇಳಿದ. ಆತ ಕೊಡಲಿಲ್ಲ. ಅವರು ಕೂಲಿಯ ಕಾಸು ಕೂಡಿಸಿ ನೆಲ ಕೊಂಡು ಮೊಬೀಲ್ ನಗರದ ಬಳಿ ಆಫ್ರಿಕಟೌನ್ ಎಂಬ ಊರು ಕಟ್ಟಿದರು. ಕೊಸೊಲ ಅಲ್ಲೇ 1935ರಲ್ಲಿ ತೀರಿಕೊಂಡ, ತನ್ನೂರನ್ನು ಮತ್ತೆ ಕಾಣದೆ. ಸುಟ್ಟ ಹಡಗಿನ ಅವಶೇಷ ನದಿಯ ಕೆಸರಿನಲ್ಲಿ 2019ರಲ್ಲಿ ಪತ್ತೆಯಾಯಿತು.