ಸುಂಕದ ಕಟ್ಟೆ: ಅಂದು, ಇಂದು

"ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಸುಂಕ ಬಿಟ್ಟಾನೆಯೆ?" ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಊರೂರು ತಿರುಗಿ ವ್ಯಾಪಾರ ಮಾಡಿದ ಜನರ ಬಾಯಿಂದಲೇ ಇದು ಹುಟ್ಟಿರಬೇಕು. ಎತ್ತಿನ ಬೆನ್ನಿನ ಹೇರು ಹೋಗಿ ವಿಮಾನದ ಪೆಟ್ಟಿಗೆ ಬಂದರೂ ಗಾದೆಯ ಮಾತು ಹಳಸಿಲ್ಲ. ನಮ್ಮ ಮನೆಗಳ ಮಕ್ಕಳು ಸಿಂಗಪುರ, ದುಬೈ, ಜರ್ಮನಿಗಳಲ್ಲಿ ಕೆಲಸಕ್ಕಿದ್ದಾರೆ. ಅವರನ್ನು ನೋಡಲು ಹೋದ ತಾಯಿತಂದೆಗಳು ಮರಳುವಾಗ ಬಳೆ, ಕೈಗಡಿಯಾರ, ಸುಗಂಧದ್ರವ್ಯಗಳನ್ನು ತರುತ್ತಾರೆ. ಅಲ್ಲಿ ತೆತ್ತ ತೆರಿಗೆ ಹಿಂದಕ್ಕೆ ಬರುವುದೆಂದು ಒಬ್ಬರು ಹೇಳುತ್ತಾರೆ. ಇಲ್ಲಿ ಸುಂಕ ಬೀಳುವುದೆಂದು ಇನ್ನೊಬ್ಬರು ಹೆದರಿಸುತ್ತಾರೆ. ಈ ಎರಡರ ನಡುವೆ ಬಡಪಾಯಿ ಪ್ರಯಾಣಿಕನು ಕಟ್ಟೆಯ ಮುಂದೆ ಸುಖದುಃಖ ಹೇಳಿಕೊಳ್ಳುತ್ತಾ ನಿಲ್ಲುತ್ತಾನೆ. ಆದುದರಿಂದ ಸುಂಕವೆಂಬುದು ನಮ್ಮ ನಾಡಿನಲ್ಲಿ ಹೇಗೆ ನಡೆದುಬಂದಿತು, ನಮ್ಮ ಹಿರಿಯರು ಯಾವುದನ್ನು ನ್ಯಾಯದ ಸುಂಕವೆಂದು ತಿಳಿದಿದ್ದರು ಎಂಬುದನ್ನು ಈ ರಾಜ್ಯೋತ್ಸವದ ಸಂದರ್ಭದಲ್ಲಿ ನೆನೆಯುವುದು ಅಪ್ರಕೃತವಾಗಲಾರದೆಂದು ಭಾವಿಸುತ್ತೇವೆ.

ಪುಣೆಯಿಂದ ಸೋಲಾಪುರದ ಹಾದಿ ಹಿಡಿದು ಸುಮಾರು 80 ಕಿಲೋಮೀಟರ್ ಹೋದರೆ ದೌಂಡ್ ತಾಲೂಕಿನ ಕುರಕುಂಭ ಸಿಗುತ್ತದೆ. ಈ ಸೀಮೆಯವರಿಗೆ ಅದು ಫಿರಂಗಾಯಿ ದೇವಿಯ ಊರು. ಹೊಟ್ಟೆಪಾಡಿಗೆಂದು ಬಂದವರಿಗೆ ಕಾರಖಾನೆಗಳ ಊರು. ಅದರ ಮಗ್ಗುಲಲ್ಲಿ ಹಾಯುವ ಹೆದ್ದಾರಿ ಸೋಲಾಪುರ, ಹುಮನಾಬಾದುಗಳನ್ನು ದಾಟಿ ಹೈದರಾಬಾದಿಗೆ ಹೋಗುತ್ತದೆ. ಚಾಲುಕ್ಯರ ರಾಜಧಾನಿಯಾಗಿ ಮೆರೆದ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಈ ಹೆದ್ದಾರಿಯ ನೆರೆಯಲ್ಲೇ ಇದೆ. ಹಬ್ಬಕ್ಕೆಂದು ಕಲಬುರಗಿ, ಬೀದರಗಳ ಕಡೆಗೆ ಹೊರಟ ನಮ್ಮವರು ಕುರಕುಂಭವನ್ನು ಮುಟ್ಟುವ ಮೊದಲೇ ಪಾಟಸ್ ಟೋಲ್ ನಾಕೆಯನ್ನು ದಾಟಬೇಕು. ಗಾಜಿಗೆ ಅಂಟಿಸಿದ ಚೀಟಿಯಿಂದ ಹಣ ತಾನಾಗಿ ಕಳೆಯುತ್ತದೆ. ಗಾಡಿ ಮುಂದೆ ಸಾಗುತ್ತದೆ. ಇದು ರಸ್ತೆಯ ಸುಂಕ, ಸರಕಿನ ಸುಂಕವಲ್ಲ ಎಂಬುದು ನಿಜ. ಆದರೂ ಇದೇ ಹಾದಿಯ ಆ ಕೊನೆಯಲ್ಲಿ, ಕಲ್ಯಾಣದ ಅರಸರ ಕಾಲದಲ್ಲಿ, ಹೇರುಗಳನ್ನು ತಡೆದು ಲೆಕ್ಕ ಕೇಳುತ್ತಿದ್ದ ಸುಂಕದ ಅಧಿಕಾರಿಗಳಿದ್ದರೆಂಬುದನ್ನು ನೆನೆದರೆ, ನಾಕೆ ಎಂಬುದು ಹೊಸ ಪದಾರ್ಥವೇನಲ್ಲವೆಂದು ತಿಳಿಯುತ್ತದೆ.

'ಸುಂಕ' ಎಂಬ ಮಾತು ಸಂಸ್ಕೃತದ 'ಶುಲ್ಕ'ದ ತದ್ಭವ. ನಮ್ಮ ಶಾಸನಗಳಲ್ಲಿ ಅದರ ಬಳಗ ದೊಡ್ಡದು: ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಪನ್ನಾಯ ಎಂದು ಹಲವು ಹೆಸರುಗಳು ಬರುತ್ತವೆ. ಪೆರ್ಜುಂಕವೆಂದರೆ ಹಿರಿಯ ಸುಂಕ. ಇವನ್ನು ನೋಡಿಕೊಳ್ಳಲು ಸುಂಕವೆರ್ಗಡೆಯೆಂಬ ಅಧಿಕಾರಿ ಇರುತ್ತಿದ್ದನು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ಸುಂಕದಕಟ್ಟೆಯಂಥ ಊರ ಹೆಸರುಗಳು ಆ ಪದ್ಧತಿಯ ಗುರುತಾಗಿ ಇನ್ನೂ ಉಳಿದಿವೆ.

ಯಾವ ಸರಕಿಗೆ ಸುಂಕ? ಐಹೊಳೆಯ ಹೆಸರನ್ನು ದೇಶದೇಶಗಳಿಗೆ ಒಯ್ದ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕರ ಸಂಘವನ್ನು ವಾಚಕರು ಕೇಳಿಯೇ ಇರುತ್ತಾರೆ. ಶಿಕಾರಿಪುರ ತಾಲೂಕಿನ 11ನೆಯ ಶತಮಾನದ ಒಂದು ಶಾಸನ ಅವರು ನಡೆಸುತ್ತಿದ್ದ ವ್ಯಾಪಾರದ ಸರಕುಗಳನ್ನು ಪಟ್ಟಿ ಮಾಡಿ ಹೇಳುತ್ತದೆ. ಆನೆ, ಕುದುರೆ, ಮುತ್ತು, ಮಾಣಿಕ್ಯ, ವಜ್ರ, ಹವಳ, ಪಚ್ಚೆ. ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿ. ಇದನ್ನು ಓದಿದರೆ ಇಂದಿನ ವಿಮಾನನಿಲ್ದಾಣದ ಅಂಗಡಿಸಾಲು ಕಣ್ಣಿಗೆ ಕಟ್ಟುತ್ತದೆ. ಆನೆ ಕುದುರೆಗಳನ್ನು ಬಿಟ್ಟರೆ ಮಿಕ್ಕದ್ದೆಲ್ಲ ಆಭರಣ ಮತ್ತು ಸುಗಂಧ. ಇಂಥ ವ್ಯಾಪಾರದಿಂದ ಚಕ್ರವರ್ತಿಯ ಬೊಕ್ಕಸ ತುಂಬುತ್ತಿತ್ತೆಂದೂ ಆ ಶಾಸನ ಹೊಗಳಿಕೊಳ್ಳುತ್ತದೆ. ಆ ವರ್ತಕರು ಪರದೇಶಕ್ಕೆ ಹೋಗಿಬರುವುದನ್ನು ಹೆಮ್ಮೆಯ ಮಾತಾಗಿ ಕಲ್ಲಿನಲ್ಲಿ ಬರೆಸಿದರೆಂಬುದನ್ನು ವಲಸೆ ಬಂದ ನಾವು ವಿಶೇಷವಾಗಿ ಗಮನಿಸಬೇಕು.

ಬೊಕ್ಕಸಕ್ಕೆ ಬಂದ ಸುಂಕ ಎಲ್ಲಿಗೆ ಹೋಯಿತು? ಶಾಸನಗಳಲ್ಲಿ ಇದರ ಉತ್ತರ ಮತ್ತೆ ಮತ್ತೆ ದೊರೆಯುತ್ತದೆ. ದೇವಾಲಯದ ನಂದಾದೀಪಕ್ಕೆ, ಮಠದಲ್ಲಿ ಓದುವವರ ಅನ್ನಕ್ಕೆ, ಕೆರೆಯ ದುರಸ್ತಿಗೆ ಇಂತಿಂಥ ಸುಂಕದ ಇಂತಿಷ್ಟು ಪಾಲೆಂದು ಅಧಿಕಾರಿಗಳೂ ವರ್ತಕರೂ ಸೇರಿ ಬಿಟ್ಟುಕೊಟ್ಟ ದಾಖಲೆಗಳು ಅನೇಕ. ಇನ್ನೊಂದು ರೀತಿಯೂ ಇದ್ದಿತು. ಧರ್ಮಕಾರ್ಯಕ್ಕೆ ಸಾಮಗ್ರಿ ಹೊತ್ತ ಇಷ್ಟು ಎತ್ತುಗಳಿಗೆ ಸುಂಕವಿಲ್ಲವೆಂದು ಮಾಫಿ ಕೊಡುವುದು. ಸುಂಕ ವಿಧಿಸುವುದು ಎಷ್ಟು ಹಳೆಯದೋ, ಕಾರಣ ನೋಡಿ ಅದನ್ನು ಬಿಡುವುದೂ ಅಷ್ಟೇ ಹಳೆಯದು. ಆದರೆ ಆ ಬಿಡುಗಡೆ ಕಟ್ಟೆಯಲ್ಲಿ ಕುಳಿತವನ ಮರ್ಜಿಯಲ್ಲ. ಎಷ್ಟು ಎತ್ತು, ಯಾವ ಕಾರ್ಯಕ್ಕೆ ಎಂಬುದು ಎಲ್ಲರೂ ಓದುವಂತೆ ಕಲ್ಲಿನಲ್ಲಿರುತ್ತಿತ್ತು. ಇದು ಮುಖ್ಯವಾದ ಮಾತು.

ಸುಂಕ ಮಿತಿಮೀರಿದರೆ ಏನಾಗುವುದೆಂಬುದನ್ನೂ ನಮ್ಮವರು ಬಲ್ಲವರಾಗಿದ್ದರು. ರಾಷ್ಟ್ರಕೂಟರ ಕಾಲದಲ್ಲಿ, ಅವರ ಸಾಮಂತರಾದ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿದ್ದ ಜೈನಾಚಾರ್ಯ ಸೋಮದೇವಸೂರಿಯು 10ನೆಯ ಶತಮಾನದಲ್ಲಿ 'ನೀತಿವಾಕ್ಯಾಮೃತ'ವೆಂಬ ರಾಜನೀತಿಯ ಗ್ರಂಥವನ್ನು ಬರೆದನು. ಸುಂಕವನ್ನು ಏರಿಸುವುದು, ಸರಕನ್ನು ಬಲಾತ್ಕಾರದಿಂದ ಕಿತ್ತುಕೊಳ್ಳುವುದು, ಇವೆರಡೂ ಪರದೇಶದ ಸರಕು ನಾಡಿಗೆ ಬಾರದಿರುವುದಕ್ಕೆ ಕಾರಣವೆಂದು ಅವನು ಅಲ್ಲಿ ಎಚ್ಚರಿಸುತ್ತಾನೆ. ನ್ಯಾಯದಿಂದ ಕಾಪಾಡಿದ ಪೇಟೆ ಅರಸನಿಗೆ ಕಾಮಧೇನುವೆಂಬುದು ಅವನ ಮತ. ಹಸುವಿನ ಕೆಚ್ಚಲನ್ನೇ ಕೊಯ್ಯಬಾರದಷ್ಟೆ.

ಸುಂಕದವನೆಂದರೆ ಕಲ್ಲೆದೆಯವನೆಂದು ಗಾದೆ ಹೇಳಿದರೂ, ಅದೇ ಕಾಯಕದಲ್ಲಿದ್ದ ಒಬ್ಬ ಶರಣನನ್ನು ಕನ್ನಡ ನಾಡು ಪಡೆದಿದೆ. ಸುಂಕದ ಬಂಕಣ್ಣನು 12ನೆಯ ಶತಮಾನದ ವಚನಕಾರ. 'ಬಂಕೇಶ್ವರಲಿಂಗ' ಅವನ ಅಂಕಿತ. ಹೇರು, ಸುಂಕ ಮೊದಲಾದ ತನ್ನ ಕಾಯಕದ ಮಾತುಗಳಲ್ಲೇ ಅವನು ಅನುಭಾವವನ್ನು ಹೇಳಿದನು. ಕಾಯಕ ಯಾವುದಾದರೇನು, ಲೆಕ್ಕ ಶುದ್ಧವಾಗಿದ್ದರೆ ಸುಂಕದ ಕಟ್ಟೆಯೂ ಪೂಜೆಯ ಕಟ್ಟೆಯೇ ಆದೀತೆಂಬುದಕ್ಕೆ ಅವನಿಗಿಂತ ಬೇರೆ ನಿದರ್ಶನ ಬೇಕಿಲ್ಲ.

ಇನ್ನು 'ತೆರಿಗೆ ವಾಪಸು' ಎಂಬ ಇಂದಿನ ವಿಚಾರಕ್ಕೆ ಹತ್ತಿರವಾದ ಹಳೆಯ ಪ್ರಸಂಗವೊಂದನ್ನು ಹೇಳಬೇಕು. ಪಾರಸೀಕ ದೊರೆಯ ರಾಯಭಾರಿ ಅಬ್ದುರ್ ರಜಾಕನು ಮಂಗಳೂರಿನ ಮಾರ್ಗವಾಗಿ 1443ರಲ್ಲಿ ವಿಜಯನಗರಕ್ಕೆ ಬಂದನು. ಅದಕ್ಕೆ ಮುಂಚೆ ಅವನು ಇಳಿದದ್ದು ಕಲ್ಲಿಕೋಟೆಯಲ್ಲಿ. ಅಲ್ಲಿನ ಬಂದರಿನಲ್ಲಿ ಸರಕು ಮಾರಾಟವಾದರೆ ಮಾತ್ರ ನಲವತ್ತರಲ್ಲಿ ಒಂದು ಪಾಲು ಸುಂಕ, ಮಾರಾಟವಾಗದಿದ್ದರೆ ಏನೂ ಇಲ್ಲವೆಂದು ಅವನು ಮೆಚ್ಚಿ ಬರೆದಿಟ್ಟಿದ್ದಾನೆ. ಆಂಧ್ರ ಕರಾವಳಿಯ ಮೋಟುಪಲ್ಲಿಯಲ್ಲಿ ಕಾಕತೀಯ ಗಣಪತಿದೇವನು 13ನೆಯ ಶತಮಾನದಲ್ಲಿ ಮೂವತ್ತರಲ್ಲಿ ಒಂದು ಪಾಲೆಂದು ಗೊತ್ತುಮಾಡಿ, ಹಡಗು ಒಡೆದವರ ಸರಕನ್ನು ಕಿತ್ತುಕೊಳ್ಳುವುದಿಲ್ಲವೆಂದು ಅಭಯಶಾಸನ ಹಾಕಿಸಿದನು. ಸರಕು ಎಲ್ಲಿ ಬಳಕೆಗೆ ಬೀಳುವುದೋ ಅಲ್ಲಿ ಸುಂಕ, ಹಾದುಹೋಗುವ ಸರಕಿಗೆ ಹೊರೆಯಿಲ್ಲ ಎಂಬ ತತ್ತ್ವದ ಬೀಜ ಕಲ್ಲಿಕೋಟೆಯ ಆ ನಡೆಯಲ್ಲಿದೆ.

ಇದಕ್ಕೆ ವಿರುದ್ಧವಾದ ಚಿತ್ರವೂ ಉಂಟು. ಪೋರ್ಚುಗೀಸ್ ವರ್ತಕ ನೂನಿಜನು 1530ರ ದಶಕದಲ್ಲಿ ಕಂಡಂತೆ ವಿಜಯನಗರದ ಮುಖ್ಯ ಬಾಗಿಲಿನ ಸುಂಕವನ್ನು ವರ್ಷಕ್ಕೆ 12,000 ಪರ್ದಾವುಗಳಿಗೆ ಗುತ್ತಿಗೆ ಕೊಡಲಾಗಿತ್ತು. ಗುತ್ತಿಗೆದಾರರು ಕೇಳಿದ್ದನ್ನು ತೆರದೆ ಊರಿನವರೂ ಪರದೇಶದವರೂ ಒಳಗೆ ಹೋಗುವಂತಿರಲಿಲ್ಲ. ದರ ಗುತ್ತಿಗೆದಾರನ ಬಾಯಲ್ಲಿದ್ದಾಗ ಸುಖದುಃಖ ಹೇಳಿಕೊಳ್ಳದೆ ಇನ್ನೇನು ಮಾಡುವುದು? ಮುಂದಿನ ಶತಮಾನಗಳಲ್ಲಿ ಸುಂಕ 'ಸಾಯರ್' ಎಂಬ ಹೆಸರಿನಲ್ಲಿ ಹೆಜ್ಜೆ ಹೆಜ್ಜೆಗೂ ಬೆಳೆಯಿತು. ಮೈಸೂರು ಸಂಸ್ಥಾನದಲ್ಲಿ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ತೆಗೆದುಹಾಕಿದ ಚಿಲ್ಲರೆ ತೆರಿಗೆಗಳ ಬಾಬುಗಳೇ 769 ಎಂದ ಮೇಲೆ, ಅದಕ್ಕೆ ಮುಂಚೆ ವರ್ತಕನ ಪಾಡು ಹೇಗಿದ್ದಿತೆಂಬುದನ್ನು ಊಹಿಸಬಹುದು.

ನಮ್ಮ ಉತ್ತರ ಕನ್ನಡದವರೂ ಬೆಳಗಾವಿಯವರೂ ಪರದೇಶದ ಗಡಿಯನ್ನು ಮನೆಯ ಹಿತ್ತಲಿನಲ್ಲೇ ಕಂಡವರು. ಗೋವೆ ಪೋರ್ಚುಗೀಸರದಾಗಿದ್ದುದರಿಂದ ಅಲ್ಲಿಗೆ ಹೋಗಿಬರುವುದೇ ಒಂದು ವಿದೇಶ ಪ್ರವಾಸ. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಪ್ಪಂದ ಮಾಡಿಕೊಂಡು ಎರಡು ಕಡೆಯ ಸುಂಕವನ್ನು ಒಂದುಗೂಡಿಸಿದರು. 1892ರಲ್ಲಿ ಆ ಒಪ್ಪಂದ ಮುಗಿಯಿತು, ಕಟ್ಟೆಗಳು ಮತ್ತೆ ಎದ್ದವು. ಈ ನಡುವೆ 1888ರಲ್ಲಿ ಮುರಗಾವಿನಿಂದ ಘಟ್ಟವನ್ನು ಹತ್ತಿಬಂದ ರೈಲು ಕ್ಯಾಸಲ್‌ರಾಕನ್ನು ಗಡಿಯ ನಿಲ್ದಾಣವನ್ನಾಗಿ ಮಾಡಿತ್ತು. ಕೆಳಗೆ ಕುಳೆಯಲ್ಲಿ ಪೋರ್ಚುಗೀಸರ ತಪಾಸಣೆ, ಮೇಲೆ ಕ್ಯಾಸಲ್‌ರಾಕಿನಲ್ಲಿ ನಮ್ಮವರ ತಪಾಸಣೆ. 1950ರ ದಶಕದಲ್ಲಿ ನಮ್ಮ ದೇಶ ಆಮದಿನ ಮೇಲೆ ಬಿಗಿಯಾದ ಹತೋಟಿ ಹಾಕಿದ್ದಾಗ ಗೋವೆಯ ಅಂಗಡಿಗಳಲ್ಲಿ ಪರದೇಶದ ಗಡಿಯಾರ, ಮದ್ಯ, ನೈಲಾನ್ ಬಟ್ಟೆ ಧಾರಾಳವಾಗಿ ದೊರೆಯುತ್ತಿದ್ದವು. ಕಾಡುದಾರಿಯ ಕಳ್ಳಸಾಗಣೆಯೂ ಬೆಳೆಯಿತು. 1955ರಲ್ಲಿ ರೈಲು ಸಂಪರ್ಕ ಕಡಿಯಿತು. 1961ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಯಾದ ಮೇಲೆ ಆ ಕಟ್ಟೆಯ ಕಥೆ ಮುಗಿಯಿತು.

ಅಷ್ಟರಿಂದಲೇ ಕಳ್ಳಸಾಗಣೆ ನಿಲ್ಲಲಿಲ್ಲ. 1963ರ ಜನವರಿಯಲ್ಲಿ ಚಿನ್ನದ ಹತೋಟಿ ನಿಯಮಗಳು ಬಂದವು. ಹೊಸ ಒಡವೆ 14 ಕ್ಯಾರಟ್ಟಿಗಿಂತ ಹೆಚ್ಚು ಶುದ್ಧವಾಗಿರಕೂಡದೆಂದಾಯಿತು. ನಾಡಿನ ಅಕ್ಕಸಾಲಿಗರು ಕುಲುಮೆ ಆರಿಸಿ ಕೂಡಬೇಕಾಯಿತು. ಚಿನ್ನದ ಆಸೆ ಮಾತ್ರ ಆರಲಿಲ್ಲ. ಪಶ್ಚಿಮ ಕರಾವಳಿಯಲ್ಲಿ ಕಳ್ಳ ಚಿನ್ನ ಇಳಿಯುತ್ತಲೇ ಇತ್ತು. 1968ರಲ್ಲಿ ಕಾಯ್ದೆಯ ರೂಪ ಪಡೆದ ಆ ಹತೋಟಿ 1990ರಲ್ಲಿ ರದ್ದಾಯಿತು. ಸೋಮದೇವನ ಎಚ್ಚರಿಕೆ ಸಾವಿರ ವರ್ಷಗಳ ಮೇಲೆಯೂ ದಿಟವಾಯಿತೆನ್ನಬೇಕು.

ಊರೊಳಗಿನ ಸುಂಕವೂ ಹೀಗೆಯೇ ಮಾಯವಾಯಿತು. ಕರ್ನಾಟಕದಲ್ಲಿ ಆಕ್ಟ್ರಾಯ್ 1979ರಲ್ಲಿ ಹೋಯಿತು. ಪುಣೆಯ ಜಕಾತಿ ನಾಕೆಗಳು 2013ರವರೆಗೂ ನಡೆದವು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಮುಂಬಯಿಯ ಜಕಾತಿಯೂ ನಿಂತಿತು. ಈಗ ಸರಕಿನ ಸುಂಕವೆಂದು ಸಾಮಾನ್ಯ ಗೃಹಸ್ಥನು ಅಧಿಕಾರಿಯ ಮುಂದೆ ಪೆಟ್ಟಿಗೆ ಬಿಚ್ಚುವುದು ದೇಶದ ಬಾಗಿಲಲ್ಲಿ ಮಾತ್ರ.

ಅಲ್ಲಿನ ನ್ಯಾಯವನ್ನು ಎರಡು ಮಾತಿನಲ್ಲಿ ಹೇಳಬಹುದು. ಒಂದು ದೇಶದಲ್ಲಿ ಕೊಂಡ ವಸ್ತು ಅಲ್ಲಿ ಬಳಕೆಯಾಗದೆ ಹೊರಗೆ ಹೋಗುವುದಾದರೆ, ಅಲ್ಲಿನ ಮಾರಾಟ ತೆರಿಗೆಯನ್ನು ಹಿಂದಕ್ಕೆ ಕೊಡುವ ಪದ್ಧತಿ ಯುರೋಪ್ ಒಕ್ಕೂಟ, ಸಿಂಗಪುರ, ಸಂಯುಕ್ತ ಅರಬ್ ಸಂಸ್ಥಾನ ಮೊದಲಾದ ಕಡೆಗಳಲ್ಲಿದೆ. ಬ್ರಿಟನ್ನಿನ ಮುಖ್ಯ ದ್ವೀಪದಲ್ಲಿ ಈ ಸೌಲಭ್ಯ 2021ರ ಜನವರಿ 1ರಿಂದ ನಿಂತುಹೋಯಿತು. ಯುರೋಪ್ ಒಕ್ಕೂಟದ ಪದ್ಧತಿ ನೋಡುವುದು ರಾಷ್ಟ್ರೀಯತೆಯನ್ನಲ್ಲ, ವಾಸವನ್ನು. ಜರ್ಮನಿಯಲ್ಲೇ ನೆಲೆಸಿರುವ ಮಗನಿಗೆ ಅದು ಸಲ್ಲದು. ನೋಡಲು ಹೋದ ತಾಯಿಗೆ ಸಲ್ಲುತ್ತದೆ. ಕೊಂಡವಳು ತಾಯಿ ಎಂದು ಕಾಗದದಲ್ಲಿರಬೇಕು. ಕೊಂಡ ತಿಂಗಳ ಮೇಲೆ ಮೂರು ತಿಂಗಳೊಳಗೆ ವಸ್ತು ಒಕ್ಕೂಟದಿಂದ ಹೊರಬೀಳಬೇಕು. ಹೊರಬೀಳುವಾಗ ಸುಂಕದವರ ಮುದ್ರೆ ಬೀಳಬೇಕು. ನಮ್ಮ ದೇಶವೂ 2017ರ ಕಾಯ್ದೆಯ 15ನೆಯ ಕಲಮಿನಲ್ಲಿ ವಿದೇಶೀ ಪ್ರವಾಸಿಗಳಿಗೆ ಇಂಥ ವಾಪಸಾತಿಯ ಮಾತನ್ನು ಬರೆದಿಟ್ಟಿತು. ಇದೆಲ್ಲ ಕಲ್ಲಿಕೋಟೆಯ ಹಳೆಯ ನಡೆಯ ಜಾಡೇ.

ಎರಡನೆಯದು ನಮ್ಮವರು ಮರೆಯುವ ಮಾತು. ಅಲ್ಲಿ ತೆರಿಗೆ ಮರಳಿ ಬಂದರೆ ಇಲ್ಲಿನ ಸುಂಕ ತೀರಿದಂತಲ್ಲ. ವಸ್ತು ಬಳಕೆಯಾಗುವುದು ಇಲ್ಲಿ. ಆದುದರಿಂದ ಋಣವೂ ಇಲ್ಲಿಯದು. 1962ರ ಕಸ್ಟಮ್ಸ್ ಕಾಯ್ದೆಯ ಪ್ರಕಾರ ಪ್ರಯಾಣಿಕನು ತಂದದ್ದನ್ನು ಘೋಷಿಸಬೇಕು. ಗೊತ್ತಾದ ಮಿತಿಯೊಳಗಿನದಕ್ಕೆ ಮಾಫಿ, ಮೇಲಿನದಕ್ಕೆ ಸುಂಕ. 2016ರ ನಿಯಮಗಳು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದು ಬಂದ ಹೆಂಗಸಿಗೆ 40 ಗ್ರಾಂ ಒಡವೆಯ ಮಾಫಿಯನ್ನು ಹೇಳಿ, ಬೆಲೆ ಮಾತ್ರ ಒಂದು ಲಕ್ಷ ರೂಪಾಯಿ ಮೀರಬಾರದೆಂದು ಕಟ್ಟು ಹಾಕಿದ್ದವು. ಚಿನ್ನದ ಬೆಲೆ ಏರಿದಂತೆ 40 ಗ್ರಾಂ ಎಂಬುದು ಹೆಸರಿಗೆ ಮಾತ್ರ ಉಳಿಯಿತು. ತೂಕ ನೋಡಿ ಬಂದವರು ಬೆಲೆಯಲ್ಲಿ ಸಿಕ್ಕಿಬಿದ್ದರು. ಇಂಥ ಅಂಕೆಗಳು ಆಗಾಗ ಬದಲಾಗತಕ್ಕವು. ಪ್ರತಿ ಪ್ರಯಾಣಕ್ಕೂ ಮುನ್ನ ಅಂದಿನ ನಿಯಮವನ್ನು ಕೇಳಿ ತಿಳಿಯಬೇಕೇ ಹೊರತು ಹಿಂದೆ ಹೋಗಿಬಂದ ನೆಂಟರ ಮಾತನ್ನು ನಂಬಿ ಹೊರಡಬಾರದು. ಇಲ್ಲಿಂದ ಬೆಲೆಬಾಳುವ ಒಡವೆ ತೊಟ್ಟು ಹೊರಡುವವರು ಹೊರಡುವಾಗಲೇ ಕಸ್ಟಮ್ಸಿನವರಿಂದ ಅದರ ಪ್ರಮಾಣಪತ್ರ ಪಡೆದರೆ, ಮರಳುವಾಗ ತವರಿನ ಸರಕ್ಕೆ ಸುಂಕ ಕೇಳಿಸಿಕೊಳ್ಳುವ ಸಂಕಟ ತಪ್ಪುತ್ತದೆ. ನಿಜ ಹೇಳಿದವನಿಗೆ ಅದೇ ಕಾಯ್ದೆಯ 80ನೆಯ ಕಲಮಿನಲ್ಲಿ ಇನ್ನೊಂದು ಅನುಕೂಲವುಂಟು: ಘೋಷಿಸಿದ ವಸ್ತುವನ್ನು ಅಲ್ಲೇ ಇರಿಸಿ, ದೇಶ ಬಿಡುವಾಗ ಮರಳಿ ಪಡೆಯಲು ಕೇಳಿಕೊಳ್ಳಬಹುದು. ಮುಚ್ಚಿಟ್ಟವನಿಗೆ ಆ ದಾರಿ ಇಲ್ಲ.

ಸಂಸ್ಕೃತದಲ್ಲಿ 'ಘಟ್ಟಕುಟೀಪ್ರಭಾತ'ವೆಂಬ ನ್ಯಾಯವಿದೆ. ಸುಂಕ ತಪ್ಪಿಸಲು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಅಲೆದ ಬಂಡಿಯವನಿಗೆ ಬೆಳಗಾದದ್ದು ಸುಂಕದ ಗುಡಿಸಲ ಬಾಗಿಲಲ್ಲೇ. ಪರಸ್ಥಳದಲ್ಲಿ ಬಾಳುವ ನಮಗೆ ಹಣಕ್ಕಿಂತ ಹೆಸರು ದೊಡ್ಡದು. ಒಂದು ಬಳೆಯ ಸುಂಕ ಉಳಿಸಹೋಗಿ ಹತ್ತು ಜನರೆದುರು ತಲೆ ತಗ್ಗಿಸಿದರೆ ಆ ನಷ್ಟವನ್ನು ಯಾವ ದೇಶವೂ ವಾಪಸು ಮಾಡದು. ನಮ್ಮ ಗಾದೆಯ ನಿಜವಾದ ಬುದ್ಧಿವಾದ ಸುಂಕದವನು ನಿಷ್ಕರುಣಿ ಎಂಬುದಲ್ಲ. ಅವನ ಮುಂದೆ ಸಲ್ಲುವುದು ಸುಖದುಃಖವಲ್ಲ, ಲೆಕ್ಕ. ಅಯ್ಯಾವೊಳೆಯ ಹಿರಿಯರು ಮುತ್ತು ಮಾಣಿಕ್ಯ ಹೊತ್ತು ದೇಶ ಸುತ್ತಿದಾಗ ಅವರ ಕೀರ್ತಿ ಉಳಿದದ್ದು ಆ ಲೆಕ್ಕದ ಬಲದಿಂದ. ಕಲ್ಯಾಣದ ಹೆದ್ದಾರಿಯ ಈ ತುದಿಯಲ್ಲಿ ನೆಲೆಸಿದ ನಾವೂ ಆ ಲೆಕ್ಕವನ್ನು ಕಲಿತು, ಮಕ್ಕಳಿಗೂ ಕಲಿಸಿ, ಯಾವ ಕಟ್ಟೆಯ ಮುಂದೆಯೂ ತಲೆಯೆತ್ತಿ ನಿಲ್ಲುವಂತಾಗಲಿ.